ಸಿಹಿಗುಂಬಳಕ್ಕೆ ಗುಳ್ಳೆ ಬರಿಸುವ ಬಗೆ

ಆಯುಧಪೂಜೆಯ ಮರುದಿನ ಬೆಂಗಳೂರಿನಲ್ಲಿ ಸ್ಕೂಟರ್ ಓಡಿಸಿದವರಿಗೆ ಬೂದುಗುಂಬಳದ ಪರಿಚಯ ಮಾಡಿಕೊಡಬೇಕಿಲ್ಲ. ಕುಂಕುಮ ಮೆತ್ತಿದ ಚೂರುಗಳು ಪ್ರತಿ ತಿರುವಿನಲ್ಲೂ ಚಕ್ರ ಜಾರಿಸಲು ಕಾದಿರುತ್ತವೆ. ಅದೇ ವಾರ ಅದರ ದಾಯಾದಿ ಸಿಹಿಗುಂಬಳ, ಮಲೆನಾಡಿನವರ ಚೀನಿಕಾಯಿ, ತರಕಾರಿ ಅಂಗಡಿಯ ಮೂಲೆಯಲ್ಲಿ ಹೋಳು ಹೋಳಾಗಿ ಕೂತಿರುತ್ತದೆ. ಹುಳಿಗೆ ಒಂದು ಹೋಳು, ಪಲ್ಯಕ್ಕೆ ಇನ್ನೊಂದು, ಅಲ್ಲಿಗೆ ಅದರ ಕೆಲಸ ಮುಗಿಯಿತು. ಅದನ್ನು ಬಾಟಲಿಗೆ ತುಂಬಿ ಕುಡಿಯಬಹುದು ಎಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ.

ಅಮೆರಿಕದಲ್ಲಿ ಇದು ಹಳೆಯ ಕಥೆ. ಇಂಗ್ಲೆಂಡಿನಿಂದ ಹೋಗಿ ನೆಲೆಸಿದವರಿಗೆ ಬಿಯರಿಗೆ ಬೇಕಾದ ಬಾರ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಸುಲಭವಾಗಿ ಸಿಗುತ್ತಿರಲಿಲ್ಲ. ಕುಂಬಳ ಮಾತ್ರ ಹೊಲದ ತುಂಬ. ಹಾಗಾಗಿ ಅದರ ಸಿಹಿಯಿಂದಲೇ ಬಿಯರ್ ಹುದುಗಿಸಿದರು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹೇವರ್ಡ್‌ನಲ್ಲಿದ್ದ ಬಫೆಲೋ ಬಿಲ್ಸ್ ಎಂಬ ಸಣ್ಣ ಬ್ರೂವರಿ ಅದಕ್ಕೆ ಮರುಜೀವ ಕೊಟ್ಟಿತು. ಕುಂಬಳ ಹಾಕಿದರೂ ಬಿಯರಿನಲ್ಲಿ ಅದರ ರುಚಿಯೇ ಬರಲಿಲ್ಲವಂತೆ! ಕೊನೆಗೆ ಚಕ್ಕೆ, ಲವಂಗ, ಜಾಯಿಕಾಯಿ ಸೇರಿಸಿ ಮಾನ ಉಳಿಸಿಕೊಂಡರು. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಅಂಥ ಬಿಯರನ್ನೇ ಇಲ್ಲಿ ಹೇಳಿಕೊಡುವ ಹಾಗಿಲ್ಲ. ಕರ್ನಾಟಕದ ಅಬಕಾರಿ ಕಾನೂನಿನಂತೆ ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವಂತಿಲ್ಲ. ನಾವು ಮಾಡುವುದು ಅದರ ತಂಗಿಯಂಥ ಪಾನೀಯ: ಶುಂಠಿಯ ಹುದುಗಿನಿಂದ ಗುಳ್ಳೆ ಬರಿಸಿದ ಮಸಾಲೆ ಕುಂಬಳದ ಸೋಡಾ.

ಮೊದಲ ಐದು ದಿನ ಶುಂಠಿಗೆ

ಹುದುಗು ಎಂದರೆ ನಮಗೆ ಹೊಸದಲ್ಲ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗ್ಗೆ ಪಾತ್ರೆಯಿಂದ ಹೊರಗೆ ಇಣುಕುವುದನ್ನು ನೋಡುತ್ತಲೇ ಬೆಳೆದವರು ನಾವು. ಇಲ್ಲಿ ಆ ಕೆಲಸ ಮಾಡುವುದು ಶುಂಠಿಯ ಸಿಪ್ಪೆಯ ಮೇಲಿರುವ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ. ಆದ್ದರಿಂದ ಮಣ್ಣು ತೊಳೆಯಿರಿ, ಸಿಪ್ಪೆ ಹೆರೆಯಬೇಡಿ.

ಅರ್ಧ ಲೀಟರ್ ನೀರು ಕುದಿಸಿ ಪೂರ್ತಿ ಆರಿಸಿ. ನಲ್ಲಿಯಲ್ಲಿ ಬರುವ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಹುದುಗಿಗೆ ಶತ್ರು. ಕುದಿಸಿದರೆ ಹೋಗುತ್ತದೆ. ಆರಿದ ನೀರನ್ನು ಗಾಜಿನ ಜಾಡಿಗೆ ಹಾಕಿ, ಎರಡು ದೊಡ್ಡ ಚಮಚ ತುರಿದ ಶುಂಠಿ, ಎರಡು ದೊಡ್ಡ ಚಮಚ ಸಕ್ಕರೆ ಸೇರಿಸಿ ಕಲಕಿ. ಬಾಯಿಗೆ ತೆಳು ಬಟ್ಟೆ ಕಟ್ಟಿ. ಆಮೇಲೆ ದಿನಕ್ಕೊಮ್ಮೆ ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ ಉಣಿಸಿ ಕಲಕುತ್ತಿರಿ. ಮೂರನೆಯ ದಿನ ಏನೂ ಆಗಲಿಲ್ಲವೆಂದು ಚೆಲ್ಲಿಬಿಡಬೇಡಿ. ನಾನು ಮೊದಲ ಸಲ ಅದನ್ನೇ ಮಾಡಿದ್ದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ದಿನದೊಳಗೆ ಮೇಲೆ ನೊರೆ ಕಟ್ಟಿ, ಕಿವಿ ಹತ್ತಿರ ಹಿಡಿದರೆ ಚಿರ್ರೆನ್ನುವ ಸದ್ದು ಕೇಳುತ್ತದೆ. ಏಪ್ರಿಲಿನ ಸೆಕೆಯಲ್ಲಿ ಇನ್ನೂ ಬೇಗ, ಡಿಸೆಂಬರಿನಲ್ಲಿ ತಡ. ಚಿತ್ತೆ, ಸ್ವಾತಿ ಮಳೆಗಳ ಅಕ್ಟೋಬರ್ ಹದವಾದ ಕಾಲ. ಹಸಿರು, ಕಪ್ಪು ಬಣ್ಣದ ಬೂಷ್ಟು ಕಂಡರೆ ಮಾತ್ರ ಮುಲಾಜಿಲ್ಲದೆ ಎಸೆಯಿರಿ. ಮೇಲಿನದನ್ನು ತೆಗೆದು ಕೆಳಗಿನದನ್ನು ಬಳಸುವ ಜಾಣತನ ಬೇಡ.

ಸುಡದಿದ್ದರೆ ಸಪ್ಪೆ

ಎರಡು ಲೀಟರ್ ನೀರಿಗೆ ಅರ್ಧ ಕೆ.ಜಿ. ಕುಂಬಳ ಸಾಕು. ಹೋಳಿನ ಒಳಭಾಗ ಗಾಢ ಕಿತ್ತಳೆ ಬಣ್ಣದ್ದಿರಲಿ. ಸಿಪ್ಪೆ, ಬೀಜ ತೆಗೆದು ಸಣ್ಣಗೆ ಹೆಚ್ಚಿ. ಈಗ ಹೇವರ್ಡ್‌ನವರ ಕಥೆ ನೆನಪಿಸಿಕೊಳ್ಳಿ: ಬರೀ ಬೇಯಿಸಿದ ಕುಂಬಳ ಬಣ್ಣ ಕೊಡುತ್ತದೆ, ಕುಡಿಯುವಾಗ ಬಾಯಿಗೆ ಒಂದಿಷ್ಟು ದಪ್ಪ ಕೊಡುತ್ತದೆ, ರುಚಿ ಕೊಡುವುದಿಲ್ಲ. ಸುಟ್ಟರೆ ಅದರ ಸಕ್ಕರೆ ಕಂದಿ, ಕಾಯಿಹೋಳಿಗೆಯ ಅಂಚಿನಂಥ ಪರಿಮಳ ಬರುತ್ತದೆ. ಓವನ್ ಇದ್ದರೆ 200 ಡಿಗ್ರಿಯಲ್ಲಿ ಸುಮಾರು 40 ನಿಮಿಷ. ಇಲ್ಲದಿದ್ದರೆ ದೋಸೆಯ ಕಬ್ಬಿಣದ ಕಾವಲಿಯಲ್ಲಿ, ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ ಎರಡೂ ಮಗ್ಗುಲು ಕಂದುವವರೆಗೆ. ನನ್ನ ಓಟು ಕಾವಲಿಗೇ. ಎಣ್ಣೆ ಬಿದ್ದರೆ ಪಾನೀಯದ ಮೇಲೆ ಜಿಡ್ಡು ತೇಲುತ್ತದೆ.

ಸುಟ್ಟ ಹೋಳುಗಳನ್ನು ಎರಡು ಲೀಟರ್ ನೀರಿಗೆ ಹಾಕಿ, ಜೊತೆಗೆ ಎರಡು ಇಂಚು ಚಕ್ಕೆ, ನಾಲ್ಕು ಲವಂಗ, ಒಂದು ಇಂಚು ಜಜ್ಜಿದ ಶುಂಠಿ. 20 ನಿಮಿಷ ಕುದಿಸಿ. ಗ್ರಂಧಿಗೆ ಅಂಗಡಿಯಲ್ಲಿ ಕೇಳಿದರೆ ಕೊಡುವುದು ಹೆಚ್ಚಾಗಿ ದಪ್ಪ ತೊಗಟೆಯ ಕ್ಯಾಸಿಯಾ. ಪದರ ಪದರವಾಗಿ ಸುರುಳಿ ಸುತ್ತಿದ ತೆಳು ಚಕ್ಕೆ ಸಿಕ್ಕಿದರೆ ಅದರ ಘಾಟು ಕಡಿಮೆ, ಕುಂಬಳಕ್ಕೆ ಅದೇ ಚೆನ್ನ. ಲವಂಗದ ಲೆಕ್ಕ ಮೀರಿದರೆ ಹಲ್ಲುನೋವಿನ ಔಷಧಿ ಕುಡಿದ ಹಾಗಿರುತ್ತದೆ. ಜಾಯಿಕಾಯಿ ಕಾಲು ಚಮಚ ಮೀರಬಾರದು, ಅದನ್ನು ಒಲೆ ಆರಿಸಿದ ಮೇಲೆ ತುರಿದು ಹಾಕಿ.

ತೆಳು ಬಟ್ಟೆಯಲ್ಲಿ ಸೋಸಿ. ಹಿಂಡಬೇಡಿ, ಹಿಂಡಿದರೆ ತಿರುಳೆಲ್ಲ ಇಳಿದು ಬಾಟಲಿಯಲ್ಲಿ ಗಸಿ ಕಟ್ಟುತ್ತದೆ. ಸೋಸಿದ ತಿಳಿಗೆ 150 ಗ್ರಾಂ ಬೆಲ್ಲ ಹಾಕಿ ಇನ್ನೊಂದು ಕುದಿ ಬರಿಸಿ, ಮತ್ತೆ ಸೋಸಿ. ಬೆಲ್ಲ ಕಪ್ಪಗಿದ್ದಷ್ಟೂ ಒಳ್ಳೆಯದು. ಬಣ್ಣ ತಿಳಿಯಾಗಲು ಹಾಕುವ ಗಂಧಕದ ರಾಸಾಯನಿಕ ಹುದುಗನ್ನು ಕುಂಠಿಸುತ್ತದೆ. ಸಿಹಿ ಈಗ ತುಸು ಹೆಚ್ಚೆನಿಸಬೇಕು. ಅದರಲ್ಲಿ ಒಂದು ಪಾಲು ಯೀಸ್ಟಿನ ಊಟ, ನಿಮಗಲ್ಲ.

ಪೂರ್ತಿ ಆರಿದ ಮೇಲೆ ಎರಡು ನಿಂಬೆಹಣ್ಣಿನ ರಸ ಮತ್ತು ಸೋಸಿದ ಶುಂಠಿ ಹುದುಗು ಅರ್ಧ ಲೋಟ ಬೆರೆಸಿ. ಬಿಸಿಗೆ ಬೆರೆಸಿದರೆ ಐದು ದಿನ ಸಾಕಿದ ಯೀಸ್ಟ್ ಒಂದೇ ನಿಮಿಷದಲ್ಲಿ ಸಾಯುತ್ತದೆ. ನಿಂಬೆ ರುಚಿಗಷ್ಟೇ ಅಲ್ಲ, ಆ ಹುಳಿಯಲ್ಲಿ ಕೆಟ್ಟ ಸೂಕ್ಷ್ಮಜೀವಿಗಳು ಸುಲಭವಾಗಿ ಬೆಳೆಯವು.

ಬಾಟಲಿಯ ವಿಷಯದಲ್ಲಿ ಹುಡುಗಾಟ ಬೇಡ

ಮುಚ್ಚಿದ ಬಾಟಲಿಯೊಳಗೆ ಯೀಸ್ಟ್ ಸಕ್ಕರೆ ತಿಂದು ಕಾರ್ಬನ್ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಹೊರಗೆ ಹೋಗಲು ದಾರಿಯಿಲ್ಲದೆ ಅದು ನೀರಿನಲ್ಲಿ ಕರಗುತ್ತದೆ, ಗುಳ್ಳೆ ಹುಟ್ಟುವುದು ಹಾಗೆ. ಅತಿಯಾದರೆ ಬಾಟಲಿ ಸಿಡಿಯುತ್ತದೆ. ಒಂದು ದಸರಾದಲ್ಲಿ ಚಂದ ಕಾಣಲೆಂದು ಗಾಜಿನ ಬಾಟಲಿಗೆ ತುಂಬಿ ಊರಿಗೆ ಹೋಗಿದ್ದೆ. ಹಿಂತಿರುಗಿದಾಗ ಅಡುಗೆಮನೆಯ ಗೋಡೆಯ ಮೇಲೆ ಬೆಲ್ಲದ ಪಾಕ, ಅಕ್ಕಿ ಡಬ್ಬದ ಸಂದಿಯಲ್ಲಿ ಗಾಜು, ಎಲ್ಲೆಲ್ಲೂ ಇರುವೆ. ಆ ಅಕ್ಕಿಯನ್ನು ಎಸೆಯಬೇಕಾಯಿತು.

ಆದ್ದರಿಂದ ಸೋಡಾ, ಕೋಲಾ ಬಂದ ಖಾಲಿ ಪ್ಲಾಸ್ಟಿಕ್ ಬಾಟಲಿಗಳೇ ಸರಿ. ಕುಡಿಯುವ ನೀರಿನ ತೆಳು ಬಾಟಲಿ ಈ ಒತ್ತಡಕ್ಕೆ ಮಾಡಿದ್ದಲ್ಲ. ಚೆನ್ನಾಗಿ ತೊಳೆದು, ಮೇಲೆ ಎರಡು ಇಂಚು ಜಾಗ ಬಿಟ್ಟು ತುಂಬಿ, ಬಿಗಿಯಾಗಿ ಮುಚ್ಚಿ, ಬಿಸಿಲು ಬೀಳದ ಕಡೆ ಇಡಿ. ಬೆಳಗ್ಗೆ ಸಂಜೆ ಅದುಮಿ ನೋಡಿ. ಮೊದಲು ಮೆತ್ತಗಿದ್ದದ್ದು ಒಂದೂವರೆಯಿಂದ ಮೂರು ದಿನದಲ್ಲಿ ಕಲ್ಲಿನಂತಾಗುತ್ತದೆ. ಆದ ತಕ್ಷಣ ಫ್ರಿಜ್ಜಿಗೆ. ಚಳಿಗೆ ಯೀಸ್ಟ್ ಮಂಕಾಗುತ್ತದೆ, ಸಾಯುವುದಿಲ್ಲ. ಹಾಗಾಗಿ ವಾರದೊಳಗೆ ಕುಡಿದು ಮುಗಿಸಿ.

ಯೀಸ್ಟ್ ಕೆಲಸ ಮಾಡಿದ ಕಡೆ ಸ್ವಲ್ಪವಾದರೂ ಆಲ್ಕೋಹಾಲ್ ಹುಟ್ಟಿಯೇ ಹುಟ್ಟುತ್ತದೆ, ಹೊರಗಿಟ್ಟಷ್ಟೂ ಹೆಚ್ಚುತ್ತದೆ. ಮಕ್ಕಳಿಗೆ, ಗರ್ಭಿಣಿಯರಿಗೆ, ಮುಟ್ಟುವುದೇ ಇಲ್ಲವೆಂಬ ವ್ರತದವರಿಗೆ ಕೊಡಬೇಡಿ. ಬಂದ ನೆಂಟರಿಗೆ ಮೊದಲೇ ಹೇಳಿಬಿಡಿ.

ತೆರೆಯುವಾಗ ಸಿಂಕಿನ ಮೇಲೆ ಹಿಡಿದು ಮುಚ್ಚಳವನ್ನು ಕೂದಲೆಳೆಯಷ್ಟು ತಿರುಗಿಸಿ, ಗಾಳಿ ಹೋಗಲು ಬಿಡಿ, ಮತ್ತೆ ತಿರುಗಿಸಿ. ತಳದ ಗಸಿ ಕದಡದಂತೆ ಬಗ್ಗಿಸಿ. ಖಾರದ ಕೋಡುಬಳೆ ಜೊತೆಗಿದ್ದರೆ ಚೆನ್ನ.

ಜಾಡಿಯಲ್ಲಿ ಮಿಕ್ಕ ಶುಂಠಿ ಹುದುಗನ್ನು ಫ್ರಿಜ್ಜಿನಲ್ಲಿಟ್ಟು ವಾರಕ್ಕೊಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ ಕೊಟ್ಟರೆ ಮುಂದಿನ ಸಲಕ್ಕೆ ಸಿದ್ಧವಿರುತ್ತದೆ. ಬಟ್ಟೆಯಲ್ಲಿ ಉಳಿದ ಕುಂಬಳದ ತಿರುಳಿನಿಂದ ಚಕ್ಕೆ, ಲವಂಗ, ಶುಂಠಿ ಆರಿಸಿ ತೆಗೆದು, ಅಕ್ಕಿಹಿಟ್ಟು, ಬೆಲ್ಲ, ಚಿಟಿಕೆ ಉಪ್ಪು ಕಲಸಿ ಸಿಹಿ ದೋಸೆ ಹುಯ್ಯಿರಿ. ಕುಂಬಳ ಸುಟ್ಟ ಕಾವಲಿ ಹೇಗೂ ಒಲೆಯ ಮೇಲೇ ಇದೆ.