ಫೋನ್ ಬಂದ ಸಿನಿಮಾಗಳು

ಚಿತ್ರದುರ್ಗದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕೇಬಲ್ ನಡೆಸಿದವನು ನಾನು. ಮನೆಯ ಮುಂದಿನ ಕೋಣೆಯಲ್ಲಿ ಎರಡು ವಿಸಿಆರ್, ಅದರ ಚಿತ್ರವನ್ನು ಕೇಬಲ್ಲಿಗೆ ಹತ್ತಿಸುವ ಒಂದು ಮಾಡ್ಯುಲೇಟರ್, ಮೂಲೆಯಲ್ಲಿ ಸದಾ ಬಿಸಿಯಾಗಿರುತ್ತಿದ್ದ ಸ್ಟೆಬಿಲೈಸರ್. ರಾತ್ರಿ ಒಂಬತ್ತೂವರೆಗೆ ಲೋಕಲ್ ಚಾನೆಲ್ಲಿನಲ್ಲಿ ಸಿನಿಮಾ. ಕ್ಯಾಸೆಟ್ಟನ್ನು ದಿನಬಾಡಿಗೆಗೆ ತಂದು ಹಾಕುತ್ತಿದ್ದೆವು. ಹಕ್ಕು, ಲೈಸೆನ್ಸು ಅನ್ನುವುದನ್ನು ಕೇಳಿಯೇ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಕೇಳಿಯೂ ಕೇಳದವರಂತೆ ಇದ್ದೆವು.

ಆ ಕೆಲಸ ನನಗೆ ಕಲಿಸಿದ್ದು ಒಂದೇ ಲೆಕ್ಕ. ಸಿನಿಮಾ ಮುಗಿದ ಮೇಲೆ ಫೋನ್ ಬರುತ್ತದೋ ಇಲ್ಲವೋ ನೋಡಬೇಕು. ಹೊಸ ಸಿನಿಮಾ ಹಾಕಿದರೆ ನಡುವೆ ಫೋನ್ ಬರುತ್ತಿತ್ತು: ಗೆರೆ ಬರ್ತಾ ಐತೆ, ಸೌಂಡ್ ಇಲ್ಲ, ಟ್ರ್ಯಾಕಿಂಗ್ ಸರಿ ಮಾಡಪ್ಪ. ಮುಗಿದ ಮೇಲೆ ಎಲ್ಲರೂ ಮಲಗುತ್ತಿದ್ದರು. ಕೆಲವು ಹಳೆಯ ಸಿನಿಮಾ ಹಾಕಿದ ರಾತ್ರಿ ಮಾತ್ರ ಹನ್ನೆರಡೂವರೆಗೆ ಫೋನ್ ಬಡಿದುಕೊಳ್ಳುತ್ತಿತ್ತು. ‘ಅಲ್ಲಪ್ಪ, ಆ ಹುಡುಗಿ ಅವನ ಜೊತೆ ಹೋಗಿದ್ರೆ ಏನಾಗ್ತಿತ್ತು?’ ಅಂತ ಮಾರ್ಕೆಟ್ಟಿನ ಈರುಳ್ಳಿ ವ್ಯಾಪಾರಿಯೊಬ್ಬರು ಕೇಳಿದ್ದರು, ನಾನೇ ಕಥೆ ಬರೆದವನ ಹಾಗೆ. ಅಂಥ ಸಿನಿಮಾಗಳ ಹೆಸರನ್ನು ಕಲೆಕ್ಷನ್ ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡುತ್ತಿದ್ದೆ. ಆರು ತಿಂಗಳು ಬಿಟ್ಟು ಮತ್ತೆ ಹಾಕುವುದಕ್ಕೆ.

ಸೆಟ್‌ಟಾಪ್ ಬಾಕ್ಸ್ ಬಂತು, ಚಾನೆಲ್ಲುಗಳೆಲ್ಲ ದೊಡ್ಡವರ ಕೈ ಸೇರಿದವು, ನಾನು ಲೈನ್ ಮಾರಿದೆ. ಆ ಬುಕ್ಕು ಉಳಿದಿತ್ತು. ಮೂರು ವರ್ಷದ ಹಿಂದೆ ಮಗ ಒಂದು ಸಣ್ಣ ಪ್ರೊಜೆಕ್ಟರ್ ತಂದುಕೊಟ್ಟ. ಅವತ್ತಿನಿಂದ ಶನಿವಾರ ರಾತ್ರಿ ನಮ್ಮ ಮಹಡಿ ಮೇಲೆ ಮನೆಯವರು, ಅಕ್ಕಪಕ್ಕದವರು ಸೇರಿ ಹದಿನೈದು ಇಪ್ಪತ್ತು ಜನ. ಟಿಕೆಟ್ ಇಲ್ಲ, ಚಂದಾ ಇಲ್ಲ. ಮಂಡಕ್ಕಿ, ಮೆಣಸಿನಕಾಯಿ ಮಾತ್ರ ಸರದಿ ಪ್ರಕಾರ ಒಬ್ಬೊಬ್ಬರ ಮನೆಯಿಂದ.

ಮೊದಲ ಶನಿವಾರವೇ ಗಾಳಿ ನಮ್ಮನ್ನು ಸೋಲಿಸಿತು. ದುರ್ಗದ ಗಾಳಿ ಗೊತ್ತಲ್ಲ, ಸುತ್ತಲಿನ ಗುಡ್ಡಗಳ ಮೇಲೆಲ್ಲ ಫ್ಯಾನು ನಿಲ್ಲಿಸಿ ಕರೆಂಟು ತೆಗೆಯುವಷ್ಟು. ಆಷಾಢ ಬೇರೆ. ಬಿಳಿ ಪಂಚೆ ಎರಡನ್ನು ಸೇರಿಸಿ ಹೊಲಿದು ಬಟ್ಟೆ ಒಣಹಾಕುವ ತಂತಿಗೆ ಕಟ್ಟಿದ್ದೆ. ರಾಜ್‌ಕುಮಾರ್ ಮುಖ ಒಮ್ಮೆ ಮುಂದಕ್ಕೆ ಉಬ್ಬುತ್ತಿತ್ತು, ಒಮ್ಮೆ ಹಿಂದಕ್ಕೆ ಹೋಗುತ್ತಿತ್ತು. ಅರ್ಧ ಗಂಟೆಗೆ ತಂತಿ ಕಿತ್ತು ಪಂಚೆ ಪಕ್ಕದ ಮನೆಯ ನೀರಿನ ಟ್ಯಾಂಕಿಗೆ ಸುತ್ತಿಕೊಂಡಿತು. ಮಾರನೆಯ ದಿನ ಮೆಟ್ಟಿಲ ಕೋಣೆಯ ಗೋಡೆಗೆ ವಾಲ್‌ಪುಟ್ಟಿ ತಿಕ್ಕಿಸಿ, ಹೊಳಪಿಲ್ಲದ ಬಿಳಿ ಪೇಂಟ್ ಎರಡು ಕೋಟು ಹೊಡೆಸಿದೆ. ಪರದೆ ಅಂತ ಹಣ ಹಾಕುವವರಿಗೆ ಇದನ್ನೇ ಹೇಳುತ್ತೇನೆ, ಗೋಡೆ ಇದ್ದರೆ ಸಾಕು.

ಹಳೆಯ ಸಿನಿಮಾ ತೋರಿಸುವವರು ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಚಿತ್ರದ ಅಳತೆಯನ್ನು. ಆಗಿನ ಬಹಳಷ್ಟು ಸಿನಿಮಾಗಳ ಚಿತ್ರ ಚೌಕಕ್ಕೆ ಹತ್ತಿರ, ಅಗಲ 4 ಇದ್ದರೆ ಎತ್ತರ 3. ಈಗಿನ ಟಿವಿ 16ಕ್ಕೆ 9. ಖಾಲಿ ಜಾಗ ಕಾಣಬಾರದು ಅಂತ ಎಳೆದು ಹಿಗ್ಗಿಸಿಬಿಡುತ್ತಾರೆ. ಕಲ್ಪನಾ ಅವರ ಮುಖ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಆಗುತ್ತದೆ. ಸೆಟ್ಟಿಂಗಿಗೆ ಹೋಗಿ 4:3 ಮಾಡಿದರೆ ಎರಡು ಪಕ್ಕ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಇನ್ನು ಓಟ. ಸಿನಿಮಾ ರೀಲು ಸೆಕೆಂಡಿಗೆ 24 ಚಿತ್ರದಂತೆ ಓಡುತ್ತದೆ, ನಮ್ಮ ಟಿವಿ, ಕ್ಯಾಸೆಟ್ಟಿನ ಲೆಕ್ಕ 25. ಕ್ಯಾಸೆಟ್ಟಿನ ಕಾಲದಲ್ಲಿ ಹಾಗೇ ಇಳಿಸಿಕೊಂಡ ಪ್ರತಿಗಳಲ್ಲಿ ಮೂರು ಗಂಟೆಯ ಸಿನಿಮಾ ಏಳು ನಿಮಿಷ ಮುಂಚೆ ಮುಗಿಯುತ್ತದೆ, ದನಿಗಳೆಲ್ಲ ಒಂದೆಳೆ ಸಣ್ಣಗಾಗುತ್ತವೆ. ಪಿ.ಬಿ. ಶ್ರೀನಿವಾಸ್ ದನಿಯನ್ನು ರೇಡಿಯೋದಲ್ಲಿ ಕೇಳಿ ಬೆಳೆದವರಿಗೆ ತಕ್ಷಣ ಗೊತ್ತಾಗುತ್ತದೆ, ಏನೋ ಅವಸರದಲ್ಲಿ ಹಾಡುತ್ತಿದ್ದಾರೆ ಅಂತ. ಕಂಪ್ಯೂಟರಿನಲ್ಲಿ ಓಟವನ್ನು 0.96ಕ್ಕೆ ಇಳಿಸಿದರೆ ಹಾಡಿನ ನಡೆ ಸರಿಹೋಗುತ್ತದೆ. ಬಣ್ಣದ ಪ್ರಿಂಟುಗಳಲ್ಲಿ ನೀಲಿ ಹಸಿರಿನ ಅಂಶ ಮೊದಲು ಮಾಸಿ ಎಲ್ಲರೂ ಅರಿಶಿನ ಕುಂಕುಮ ಬಳಿದುಕೊಂಡ ಹಾಗೆ ಕಾಣುತ್ತಾರೆ. ಪ್ರೊಜೆಕ್ಟರಿನಲ್ಲಿ ಕೆಂಪನ್ನು ಸ್ವಲ್ಪ ಇಳಿಸುತ್ತೇನೆ, ಅಷ್ಟೇ. ಸ್ಪೀಕರ್ ಒಂದೇ ಸಾಕು, ಗೋಡೆಯ ಬುಡದಲ್ಲಿ. ಮೂಲದಲ್ಲಿ ಒಂದೇ ದಾರಿಯಲ್ಲಿ ಬಂದ ಸದ್ದನ್ನು ನಾಲ್ಕು ಮೂಲೆಗೆ ಹಂಚಿದರೆ ಮಾತು ಬಾವಿಯೊಳಗಿಂದ ಕೇಳಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಯಾವ ಸಿನಿಮಾ ಅನ್ನುವುದೇ ಕೊನೆಗೆ ಮುಖ್ಯ. ಶುರುವಿನಲ್ಲಿ ನಾನು ಮಾಡಿದ ತಪ್ಪು, ನನಗೆ ಇಷ್ಟವಾದದ್ದನ್ನು ಹಾಕಿದ್ದು. ಜನ ಮರ್ಯಾದೆಗೆ ಕೂತಿದ್ದು, ‘ಚೆನ್ನಾಗಿತ್ತು ಕಣಪ್ಪ’ ಅಂತ ಹೇಳಿ ಚಾಪೆ ಮಡಚಿ ಹೋಗುತ್ತಿದ್ದರು. ಆಗ ಬುಕ್ಕು ನೆನಪಾಯಿತು.

ದುರ್ಗದಲ್ಲಿ ಕೂತು ‘ನಾಗರಹಾವು’ ಹಾಕದೆ ಇರಲಿಕ್ಕೆ ಆಗುವುದಿಲ್ಲ. ಪುಟ್ಟಣ್ಣ ಕಣಗಾಲರು 1972ರಲ್ಲಿ ಮಾಡಿದ ಸಿನಿಮಾ, ನಮ್ಮ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದದ್ದು. ವಿಷ್ಣುವರ್ಧನ್ ರಾಮಾಚಾರಿ, ಅಶ್ವಥ್ ಚಾಮಯ್ಯ ಮೇಷ್ಟ್ರು, ಹೊಸ ಹುಡುಗ ಅಂಬರೀಶ್ ಜಲೀಲ. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ತ.ರಾ.ಸು. ಬೇಸರಪಟ್ಟುಕೊಂಡಿದ್ದರಂತೆ ಅನ್ನುವ ಮಾತು ಊರಲ್ಲಿ ಇವತ್ತಿಗೂ ಓಡಾಡುತ್ತದೆ. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. 2018ರಲ್ಲಿ ಹೊಸದಾಗಿ ತೊಳೆದು ಬಿಡುಗಡೆ ಮಾಡಿದಾಗ ಥಿಯೇಟರಿನಲ್ಲೂ ನೋಡಿದೆ. ಕೋಟೆಯ ಕಲ್ಲು ಬಂದಾಗಲೆಲ್ಲ ನಮ್ಮೂರಿನವರು ಸಿನಿಮಾ ಬಿಟ್ಟು ಕಲ್ಲನ್ನೇ ನೋಡುತ್ತಾರೆ. ‘ಅದು ಗೋಪಾಲಸ್ವಾಮಿ ಹೊಂಡದ ಹತ್ರ’, ‘ಅಲ್ಲ ಮಾರಾಯ, ಏಕನಾಥೇಶ್ವರಿ ಗುಡಿ ಹಿಂದೆ’ ಅಂತ ಜಗಳ. ಜಯಂತಿ ಓಬವ್ವನಾಗಿ ಒನಕೆ ಎತ್ತುವಾಗ ಮಾತ್ರ ಯಾರೂ ಉಸಿರೆತ್ತುವುದಿಲ್ಲ. ಮಾರನೆಯ ಭಾನುವಾರ ಬೀದಿಯ ಮಕ್ಕಳು ಐದು ಜನವನ್ನು ಕೋಟೆಗೆ ಕರಕೊಂಡು ಹೋದೆ. ಓಬವ್ವನ ಕಿಂಡಿಯಲ್ಲಿ ಒಬ್ಬೊಬ್ಬರೇ ಬಗ್ಗಿ ನುಸುಳಿ ಬಂದರು. ಹೊರಗೆ ಒಬ್ಬ ಕಡ್ಡಿ ಹಿಡಿದು ನಿಂತು ಬಂದವರ ತಲೆಗೆಲ್ಲ ತಟ್ಟುತ್ತಿದ್ದ. ಸಿನಿಮಾ ಅರ್ಥವಾಗಿತ್ತು.

ನಾನು ಹೇಳಬೇಕಾಗಿದ್ದು ಅದರ ಹಿಂದಿನ ರಾತ್ರಿಯದು. ಚಾಮಯ್ಯ ಮೇಷ್ಟ್ರು ರಾಮಾಚಾರಿಯನ್ನು ಕೂರಿಸಿಕೊಂಡು, ಅವನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡು ಅಂತ ಒಪ್ಪಿಸುವ ಸನ್ನಿವೇಶ ಬಂತು. ಹುಡುಗನಿಗೆ ಅಪ್ಪ ಅಮ್ಮನ ಮಾತು ಹಿಡಿಸದು, ಊರು ಹಿಡಿಸದು, ಈ ಒಬ್ಬರ ಮಾತಿಗೆ ಮಾತ್ರ ತಲೆ ಬಾಗುತ್ತದೆ. ವಿಷ್ಣುವರ್ಧನ್ ಅಲ್ಲಿ ಏನೂ ಮಾಡುವುದಿಲ್ಲ. ಬಗ್ಗದ ಹೆಗಲು ಬಗ್ಗುತ್ತದೆ, ಅಷ್ಟೇ. ಹದಿನೆಂಟರ ವಯಸ್ಸಿನಲ್ಲಿ ಆ ತ್ಯಾಗಕ್ಕೆ ನಾನು ಕಣ್ಣೀರು ಹಾಕಿದ್ದವನು. ಎದುರುಮನೆಯ ಪಿಯುಸಿ ಓದುವ ಹುಡುಗಿ ಮೆಣಸಿನಕಾಯಿ ತಿನ್ನುತ್ತಾ ಜೋರಾಗಿಯೇ ಅಂದಳು:

‘ಇವ್ರೇ ಅಲ್ವಾ ಎಲ್ಲಾ ಹಾಳ್ ಮಾಡಿದ್ದು? ಅಲಮೇಲುನ ಒಂದ್ ಮಾತು ಕೇಳ್ಬೇಕಿತ್ತಲ್ಲ.’

ನಮ್ಮ ಬೀದಿಯಲ್ಲಿ ಹೈಸ್ಕೂಲು ಮೇಷ್ಟ್ರಾಗಿ ರಿಟೈರ್ ಆದವರೊಬ್ಬರಿದ್ದಾರೆ. ಶನಿವಾರ ತಪ್ಪಿಸುವುದಿಲ್ಲ, ಮನೆಯಿಂದಲೇ ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಬರುತ್ತಾರೆ. ಅವರು ಕುರ್ಚಿಯನ್ನೇ ಅವಳ ಕಡೆ ತಿರುಗಿಸಿದರು.

‘ಏನಮ್ಮ, ಮೇಷ್ಟ್ರು ತಪ್ಪು ಮಾಡಿದ್ರು ಅಂತೀಯಾ? ಮಗನಿಗಿಂತ ಹೆಚ್ಚಾಗಿ ನೋಡ್ಕೊಂಡೋರು ಕಣಮ್ಮ ಅವರು.’

‘ನೋಡ್ಕೊಂಡ್ರು ಸಾರ್. ಅದಕ್ಕೇ ಅವನು ಇಲ್ಲ ಅನ್ನೋಕಾಗ್ಲಿಲ್ಲ.’

ನಾನು ಸಿನಿಮಾ ನಿಲ್ಲಿಸಿದೆ. ಇಂಟರ್ವಲ್ ಅಲ್ಲದ ಜಾಗದಲ್ಲಿ ಇಂಟರ್ವಲ್ ಆಯಿತು. ಅರ್ಧ ಗಂಟೆ ಮಾತು. ನನ್ನ ಹೆಂಡತಿ ಹುಡುಗಿಯ ಕಡೆ, ನನ್ನ ತಮ್ಮ ಮೇಷ್ಟ್ರ ಕಡೆ. ಆಮೇಲೆ ಹೋಟೆಲಿನ ರೂಮಿನಲ್ಲಿ ಅಲಮೇಲು ಯಾವ ಸ್ಥಿತಿಯಲ್ಲಿ ಸಿಗುತ್ತಾಳೆ ಅನ್ನುವುದು ಬಂದಾಗ ನಮ್ಮ ಬೀದಿಯ ಮೇಷ್ಟ್ರು ಏನೂ ಅನ್ನಲಿಲ್ಲ. ಮುಗಿದ ಮೇಲೆ ಕುರ್ಚಿ ಎತ್ತಿಕೊಂಡು ಹೋದರು, ಗುಡ್‌ನೈಟ್ ಹೇಳಲಿಲ್ಲ. ಬೆಳಿಗ್ಗೆ ಆರಕ್ಕೆ ಹಾಲು ತರುವಾಗ ಸಿಕ್ಕಿ, ‘ಪುಟ್ಟಣ್ಣ ಮೇಷ್ಟ್ರ ತಪ್ಪನ್ನ ಗೊತ್ತಿದ್ದೇ ತೋರಿಸಿದಾನೆ ಅನ್ಸುತ್ತಪ್ಪ’ ಅಂದರು. ಆ ವಾಕ್ಯಕ್ಕಾಗಿ ರಾತ್ರಿಯೆಲ್ಲ ಮಲಗಿರಲಿಲ್ಲ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನ್ನ ಬುಕ್ಕಿನ ಲೆಕ್ಕದಲ್ಲಿ ಅದು ಫೋನ್ ಬಂದ ಹಾಗೆಯೇ.

‘ಬಂಗಾರದ ಮನುಷ್ಯ’ವೂ ಹೀಗೇ ಮಗ್ಗುಲು ಬದಲಿಸಿತು. ಅದೂ 1972ರದೇ, ಸಿದ್ಧಲಿಂಗಯ್ಯನವರ ನಿರ್ದೇಶನ, ಟಿ.ಕೆ. ರಾಮರಾವ್ ಕಾದಂಬರಿ. ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿದ್ದು. ರಾಜ್‌ಕುಮಾರ್ ಮಾಡಿದ ರಾಜೀವಪ್ಪ ಬಂಡೆ ಒಡೆದು ಹೊಲ ಮಾಡುವಾಗ ನಮ್ಮಪ್ಪನ ತಲೆಮಾರು ಎದ್ದು ನಿಂತು ಶಿಳ್ಳೆ ಹೊಡೆದಿತ್ತಂತೆ. ಮಹಡಿ ಮೇಲೆ ಹಾಕಿದ ದಿನ ಹಿರಿಯೂರು ಕಡೆಯ ನಮ್ಮ ಭಾವನವರು ಬಂದಿದ್ದರು. ತೋಟಕ್ಕೆ ಅಂತ ನಾಲ್ಕು ಬೋರ್ ಹಾಕಿಸಿ ಮೂರು ಫೇಲ್ ಆದವರು. ‘ಆಗದು ಎಂದು’ ಹಾಡು ಬಂದಾಗ ಎಲ್ಲರೂ ತಾಳ ಹಾಕುತ್ತಿದ್ದರೆ ಇವರು ಗೋಡೆಗೆ ಒರಗಿಕೊಂಡು, ‘ಆಗುತ್ತೆ ಆಗುತ್ತೆ, ಎಂಟುನೂರು ಅಡಿ ಕೊರೆದು ಧೂಳು ಬಂದ್ರೆ ಆಗ ಹಾಡಪ್ಪ ರಾಜೀವಪ್ಪ’ ಅಂದರು. ನಕ್ಕಿದ್ದೇ ನಕ್ಕಿದ್ದು. ಕೊನೆಯಲ್ಲಿ ರಾಜೀವಪ್ಪ ಮನೆ ಬಿಟ್ಟು ನಡೆಯುವಾಗ ಮಾತ್ರ ಅವರೇ ಟವೆಲಿನಿಂದ ಕಣ್ಣು ಒರೆಸಿಕೊಂಡರು. ಅಕ್ಕನ ಮಕ್ಕಳಿಗಾಗಿ ದುಡಿದು ಮಾತು ಕೇಳಿಸಿಕೊಂಡ ಸೋದರಮಾವಂದಿರು ಬರೀ ಸಿನಿಮಾದಲ್ಲಿ ಇರುವುದಿಲ್ಲವಲ್ಲ.

ಹುಡುಗರಿಗೆ ಮೂರು ಗಂಟೆ ಕೂರಲಿಕ್ಕೆ ಆಗುವುದಿಲ್ಲ ಅಂತ ಅವರ ಮನೆಯವರು ದೂರುತ್ತಾರೆ. ಅವರಿಗೆ ನಾನು ಹಾಕುವುದು ಶಂಕರ್‌ನಾಗ್ ಅವರ ‘ಆಕ್ಸಿಡೆಂಟ್’. ಎಂಬತ್ತರ ದಶಕದ ಸಿನಿಮಾ. ರಾಜಕಾರಣಿಯ ಮಗ ಅಮಲಿನಲ್ಲಿ ಕಾರು ಓಡಿಸಿ ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ಹರಿಸುತ್ತಾನೆ, ಅಪ್ಪ ಮುಚ್ಚಿಹಾಕಲು ಹೊರಡುತ್ತಾನೆ. ಅಪ್ಪನಾಗಿ ಅನಂತ್‌ನಾಗ್, ಬೆನ್ನು ಹತ್ತುವ ಪತ್ರಕರ್ತನಾಗಿ ಸ್ವತಃ ಶಂಕರ್. ಒಬ್ಬ ಹುಡುಗ, ‘ಅಂಕಲ್, ಇದು ಹೋದ್ ತಿಂಗಳು ನ್ಯೂಸಲ್ಲಿ ಬಂದಿದ್ದಲ್ವಾ?’ ಅಂದ. ಇದನ್ನು ಸೆಪ್ಟೆಂಬರ್ ಕೊನೆಯ ಶನಿವಾರವೇ ಹಾಕುತ್ತೇನೆ. 1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ತೀರಿಕೊಂಡದ್ದು ನಮ್ಮಿಂದ ದಾವಣಗೆರೆಗೆ ಹೋಗುವ ಇದೇ ಹೈವೇಯಲ್ಲಿ, ಆನಗೋಡಿನ ಹತ್ತಿರ, ಕಾರು ಅಪಘಾತದಲ್ಲಿ. ಮೂವತ್ತೈದು ವಯಸ್ಸು. ನಾನಾಗ ಕ್ಯಾಸೆಟ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಸಂಜೆಯೊಳಗೆ ಅವರ ಕ್ಯಾಸೆಟ್ ಒಂದೂ ಅಂಗಡಿಯಲ್ಲಿ ಉಳಿಯಲಿಲ್ಲ. ಒಂದೆರಡು ವಾಪಸ್ಸೂ ಬರಲಿಲ್ಲ, ನಮ್ಮ ಯಜಮಾನರು ಕೇಳಲೂ ಇಲ್ಲ. ನಮ್ಮ ಮಹಡಿಗೆ ರಾತ್ರಿ ಹೈವೇಯ ಲಾರಿಗಳ ಸದ್ದು ಕೇಳುತ್ತದೆ. ಈ ಸಿನಿಮಾದ ದಿನ ಅದು ಹೆಚ್ಚು ಕೇಳುತ್ತದೆ.

ನನ್ನ ಲೆಕ್ಕವನ್ನೇ ತಪ್ಪಿಸಿದ ಸಿನಿಮಾವೂ ಒಂದಿದೆ, ‘ಹಂಸಗೀತೆ’. ಜಿ.ವಿ. ಅಯ್ಯರ್, 1975. ಇದೂ ತ.ರಾ.ಸು. ಕಾದಂಬರಿಯೇ, ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ಅನಂತ್‌ನಾಗ್ ನಟನೆ, ಬಾಲಮುರಳೀಕೃಷ್ಣ ಅವರ ಹಾಡುಗಾರಿಕೆ. ಆ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ನಮ್ಮೂರಿನದೇ ಕಥೆ, ಜನ ಕುಣಿದಾಡುತ್ತಾರೆ ಅಂತ ಎಲ್ಲರಿಗೂ ಹೇಳಿ ಕರೆಸಿದ್ದೆ. ಇಂಟರ್ವಲ್ಲಿಗೆ ಏಳು ಜನ ಉಳಿದಿದ್ದರು, ಅದರಲ್ಲಿ ಇಬ್ಬರು ನಿದ್ದೆ. ಮಂಡಕ್ಕಿ ಮಿಕ್ಕಿತು. ತಪ್ಪು ಸಿನಿಮಾದ್ದಲ್ಲ, ನನ್ನದು. ಶನಿವಾರ ರಾತ್ರಿ ಹರಟೆಗೆ ಬಂದವರನ್ನು ಕೂರಿಸಿ ನೋಡಿಸುವಂಥದ್ದಲ್ಲ ಅದು. ಎರಡು ತಿಂಗಳು ಬಿಟ್ಟು ಒಂದು ಭಾನುವಾರ ಬೆಳಿಗ್ಗೆ, ಕೆಳಗಿನ ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿ, ಐದೇ ಜನಕ್ಕೆ ಹಾಕಿದೆ. ಭಜನೆ ಹೇಳುವ ಅಜ್ಜಿಯೊಬ್ಬರು, ಮೇಷ್ಟ್ರು, ನಾವು ಮೂವರು. ಮುಗಿದ ಮೇಲೆ ಕಂಬಳಿ ತೆಗೆದೆ, ಬಿಸಿಲು ಬಂತು. ಯಾರೂ ಒಂದು ಮಾತು ಆಡಲಿಲ್ಲ. ಅಜ್ಜಿ ಎದ್ದು ಹೋಗುವಾಗ ಪ್ರೊಜೆಕ್ಟರಿಗೆ ಕೈ ಮುಗಿದರು.

ಅದರ ಹೆಸರನ್ನು ಬುಕ್ಕಿನಲ್ಲಿ ಬೇರೆ ಪುಟದಲ್ಲಿ ಬರೆದಿದ್ದೇನೆ.

ಈಗ ಮೇಷ್ಟ್ರದು ಒಂದೇ ಹಟ. ‘ನಾಗರಹಾವು’ ಇನ್ನೊಂದು ಸಲ ಹಾಕು, ನಾನು ನಾಲ್ಕು ಪಾಯಿಂಟ್ ಬರೆದಿಟ್ಟುಕೊಂಡಿದ್ದೀನಿ, ಆ ಹುಡುಗಿ ಇರಬೇಕು ಅಂತ. ಅವಳು ಇಂಜಿನಿಯರಿಂಗ್ ಸೇರಿ ದಾವಣಗೆರೆಯ ಹಾಸ್ಟೆಲಿನಲ್ಲಿದ್ದಾಳೆ. ಫೋನ್ ಮಾಡಿ ಹೇಳಿದೆ. ‘ದೀಪಾವಳಿಗೆ ಬರ್ತೀನಿ ಅಂಕಲ್, ಸಾರ್‌ಗೆ ಹೇಳಿ, ನಂದೂ ಇದಾವೆ’ ಅಂದಳು. ಮೆಣಸಿನಕಾಯಿ ಸರದಿ ಈ ಸಲ ನಮ್ಮ ಮನೆಯದು.