ಒಂದೇ ದಿನ ಎರಡು ಶೋ: ಕ್ಯಾರಲ್ ಬರ್ನೆಟ್ ಪದ್ಧತಿಯಲ್ಲಿ ನಮ್ಮ ಸ್ಕೆಚ್ ಕಾರ್ಯಕ್ರಮ

ಚಿಕ್ಕ ಚಿಕ್ಕ ಹಾಸ್ಯ ಪ್ರಸಂಗಗಳ (ಸ್ಕೆಚ್) ಒಂದೇ ಸ್ಕ್ರಿಪ್ಟನ್ನು ಒಂದೇ ದಿನ ಎರಡು ಸಲ ಆಡಬೇಕು. ಎರಡು ಸಲವೂ ಬೇರೆ ಪ್ರೇಕ್ಷಕರು. ಎರಡನ್ನೂ ಪೂರ್ತಿ ಶೂಟ್ ಮಾಡಿ, ಆಮೇಲೆ ಎರಡರಲ್ಲೂ ಚೆನ್ನಾಗಿ ಬಂದದ್ದನ್ನು ಆರಿಸಿ ಒಂದು ಶೋ ಕಟ್ಟಬೇಕು. ಕ್ಯಾರಲ್ ಬರ್ನೆಟ್ ಅನ್ನುವ ಹಾಸ್ಯನಟಿ ನಡೆಸಿದ ಅಮೆರಿಕದ ಟಿವಿ ಕಾರ್ಯಕ್ರಮ 'ಕ್ಯಾರಲ್ ಬರ್ನೆಟ್ ಶೋ'ದವರು 1967ರಿಂದ 1978ರವರೆಗೆ, 11 ಸೀಸನ್, ಹೀಗೇ ಮಾಡಿದರು. ಲಾಸ್ ಏಂಜಲೀಸ್ ಕಡೆಯ ನಮ್ಮ ಕನ್ನಡ ಕೂಟದಲ್ಲಿ ಇದು ನಡೆಯುತ್ತೆ ಅಂತ ನಂಬಿದವರು ನಾನು, ನನ್ನ ಹೆಂಡತಿ ಇಬ್ಬರೇ. "ಒಂದು ಶೋಗೇ ಜನ ಸೇರಿಸೋಕೆ ಆಗಲ್ಲ, ಇನ್ನು ಎರಡು ಬೇರೆ" ಅಂದರು. "ಅದೇ ಜೋಕು ಎರಡನೇ ಸಲ ಹೇಳಿದರೆ ಸಪ್ಪೆ" ಅಂದರು. ಈ ವರ್ಷ ನಡೆಯಿತು. ಹಾಲ್ ಎರಡು ಸಲವೂ ತುಂಬಿತು, ಖರ್ಚು ಕಳೆದು ದುಡ್ಡು ಉಳಿಯಿತು, ಸುಮಾರು 50 ನಿಮಿಷದ ಒಳ್ಳೆಯ ವಿಡಿಯೊ ಕೈಯಲ್ಲಿದೆ. ಬೇರೆ ಊರಿನ ಕೂಟಗಳ ನಾಟಕದವರು ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೂಲದವರು ಏನು ಮಾಡುತ್ತಿದ್ದರು ಅಂತ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ಯೂಟ್ಯೂಬಿನಲ್ಲಿ ತುಣುಕು ನೋಡಿದ್ದಾರೆ, ಅದರ ಹಿಂದಿನ ಏರ್ಪಾಡು ನೋಡಿಲ್ಲ. ಲಾಸ್ ಏಂಜಲೀಸಿನ ಬೆವರ್ಲಿ ಬುಲೆವಾರ್ಡ್ ಮತ್ತು ಫೇರ್‌ಫ್ಯಾಕ್ಸ್ ಕೂಡುವ ಕಡೆ ಸಿಬಿಎಸ್ ಚಾನೆಲ್ ಕಟ್ಟಿಸಿದ ಟೆಲಿವಿಷನ್ ಸಿಟಿ ಇದೆ. ಅಲ್ಲಿಯ ಸ್ಟುಡಿಯೊ 33ರಲ್ಲಿ ಶುಕ್ರವಾರ ಎರಡು ಸಲ ಟೇಪ್ ಮಾಡುತ್ತಿದ್ದರು. ಒಂದು ಡ್ರೆಸ್ ರಿಹರ್ಸಲ್ (ವೇಷ ಹಾಕಿ ಆಡುವ ತಾಲೀಮು), ಒಂದು ಏರ್ ಶೋ (ಟಿವಿಗೆ ಅಂತ ಆಡುವ ಶೋ). ಎರಡಕ್ಕೂ ನಿಜವಾದ ಪ್ರೇಕ್ಷಕರು. ಮೊದಲನೆಯದರಲ್ಲಿ ಹಾಸ್ಯನಟ ಟಿಮ್ ಕಾನ್ವೇ ಸ್ಕ್ರಿಪ್ಟಿನಲ್ಲಿ ಇದ್ದಹಾಗೇ ಆಡುತ್ತಿದ್ದರು. ಮುಗಿದಮೇಲೆ ನಿರ್ದೇಶಕ ಡೇವ್ ಪವರ್ಸ್ ಹತ್ತಿರ ಹೋಗಿ, ಬೇಕಾದ ಶಾಟ್ ಎಲ್ಲಾ ಸಿಕ್ಕವಾ ಅಂತ ಕೇಳುತ್ತಿದ್ದರು. ಸಿಕ್ಕಿವೆ ಅಂದರೆ ಮುಗಿಯಿತು, ಎರಡನೇ ಶೋದಲ್ಲಿ ಯಾರಿಗೂ ಹೇಳದೆ ಏನೇನೋ ಶುರು ಮಾಡುತ್ತಿದ್ದರು. ಎದುರಿಗಿದ್ದ ಸಹನಟ ಹಾರ್ವಿ ಕಾರ್ಮನ್‌ಗೆ ಏನೂ ಗೊತ್ತಿರುತ್ತಿರಲಿಲ್ಲ. 1969ರ ಹಲ್ಲಿನ ಡಾಕ್ಟರ್ ಸ್ಕೆಚ್ ನೋಡಿ. ಮರಗಟ್ಟಿಸುವ ಇಂಜೆಕ್ಷನ್ನನ್ನು ಕಾನ್ವೇ ತನ್ನ ಕೈಗೇ ಚುಚ್ಚಿಕೊಳ್ಳುತ್ತಾರೆ, ಆಮೇಲೆ ಕಾಲಿಗೆ. ಕುರ್ಚಿಯಲ್ಲಿ ಕೂತ ಕಾರ್ಮನ್ ನಗು ತಡೆಯಲಾಗದೆ ಒದ್ದಾಡುತ್ತಾರೆ. ಇದನ್ನು ನೋಡಿ ನಮ್ಮ ಹುಡುಗರು "ಸರ್, ನಾವೂ ಸ್ಟೇಜ್ ಮೇಲೆ ಇಂಪ್ರೊವೈಸ್ ಮಾಡೋಣ" ಅನ್ನುತ್ತಾರೆ. ಮಾಡಿ, ಆದರೆ ಒಂದು ಸಲ ಸರಿಯಾಗಿ ಆಡಿ ಕ್ಯಾಮೆರಾದಲ್ಲಿ ಹಿಡಿದಿಟ್ಟಮೇಲೆ ಮಾಡಿ. ನನ್ನ ಇಡೀ ಪದ್ಧತಿ ಇದೊಂದೇ ಮಾತಿನ ಮೇಲೆ ನಿಂತಿದೆ.

ಹಾಗೆ ನೋಡಿದರೆ ಸ್ಟೇಜ್ ಮೇಲೆ ಮಾತು ಬೆಳೆಸುವುದು ನಮಗೆ ಹೊಸದೇನಲ್ಲ. ಮಾಸ್ಟರ್ ಹಿರಣ್ಣಯ್ಯನವರು ಅವತ್ತಿನ ಪೇಪರ್ ಸುದ್ದಿಯನ್ನು ಅವತ್ತೇ ನಾಟಕದಲ್ಲಿ ಸೇರಿಸುತ್ತಿದ್ದರು. ಯಕ್ಷಗಾನದ ಹಾಸ್ಯಗಾರರಿಗೂ ಅದೇ ಬಂಡವಾಳ. ಆದರೆ ಅವರು ವರ್ಷಕ್ಕೆ ನೂರಾರು ಸಲ ಆಡುವವರು. ನಮ್ಮದು ವರ್ಷಕ್ಕೆ ಒಂದು ಕಾರ್ಯಕ್ರಮ, ಕಲಾವಿದರೆಲ್ಲ ಹಗಲು ಆಫೀಸಿಗೆ ಹೋಗುವವರು, ರಿಹರ್ಸಲ್ ಶನಿವಾರ ಯಾರದೋ ಗರಾಜಿನಲ್ಲಿ. ನಮಗೆ ಆ ಮೊದಲನೇ ಶೋ ಬೇಕೇ ಬೇಕು.

ಇನ್ನು ದುಡ್ಡಿನ ಕಥೆ. ಮೊದಲನೇ ವರ್ಷ ಕಮಿಟಿಯವರ ಹಠಕ್ಕೆ ಒಂದೇ ಶೋ ಮಾಡಿದೆವು, ಜೊತೆಗೆ ಬೆಂಗಳೂರಿನಿಂದ ಒಬ್ಬ ಕಲಾವಿದರನ್ನು ಕರೆಸಿದೆವು. ವಿಮಾನದ ಟಿಕೆಟ್ 1,600 ಡಾಲರ್ ಹತ್ತಿರ, ಹೋಟೆಲ್, ಓಡಾಟ, ಸಂಭಾವನೆ ಎಲ್ಲಾ ಸೇರಿ 4,000 ದಾಟಿತು. ಅವರು ಬಂದಿಳಿದದ್ದು ಹಿಂದಿನ ದಿನ. ನಿದ್ದೆ ಇಲ್ಲ, ಸ್ಕ್ರಿಪ್ಟ್ ಓದಿಲ್ಲ. ಎರಡು ಹಾಡು, ಹತ್ತು ನಿಮಿಷ ಮಿಮಿಕ್ರಿ, ಸನ್ಮಾನ, ಶಾಲು, ಹಾರ, ಮುಗೀತು. ನಮ್ಮ ಸ್ಕೆಚ್‌ಗಳಿಗೂ ಅವರಿಗೂ ಸಂಬಂಧವೇ ಇರಲಿಲ್ಲ. ವಿಡಿಯೊದಲ್ಲಿ ಒಂದು ಸ್ಕೆಚ್ಚೂ ಪೂರ್ತಿ ಬರಲಿಲ್ಲ, ಏಕೆಂದರೆ ಮಾತು ಮರೆತದ್ದನ್ನು ಮುಚ್ಚೋಕೆ ಇನ್ನೊಂದು ಟೇಕ್ ಇರಲಿಲ್ಲ. 2,000 ಡಾಲರ್ ಹತ್ತಿರ ಕೈಬಿಟ್ಟಿತು.

ಮುಂದಿನ ವರ್ಷ ಶನಿವಾರ ಒಂದು, ಭಾನುವಾರ ಒಂದು. ಇದೂ ಕೆಟ್ಟಿತು. ಹಾಲ್ ಬಾಡಿಗೆ ಡಬಲ್, ಸೌಂಡ್‌ನವರಿಗೆ ಎರಡು ದಿನದ ದುಡ್ಡು. ಭಾನುವಾರ ಬಂದವರು 60 ಜನ ಇದ್ದರೇನೋ. ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಟ್ಟದ್ದು ರಾತ್ರಿಯಿಡೀ ಸೆಟ್ ಬಿಚ್ಚಿ ಮತ್ತೆ ಕಟ್ಟಿದ್ದು. ಸೋಫಾ ಒಂದಡಿ ಆಚೆ ಹೋಗಿತ್ತು, ಲೈಟು ಬದಲಾಗಿತ್ತು, ಎಡಿಟ್‌ನಲ್ಲಿ ಶನಿವಾರಕ್ಕೂ ಭಾನುವಾರಕ್ಕೂ ಕಟ್ ಮಾಡಿದರೆ ಮನೆಯೇ ಬೇರೆ ಕಾಣುತ್ತಿತ್ತು. ಕಮಿಟಿಯಲ್ಲಿ "ಸಾಕಪ್ಪಾ ನಿನ್ನ ಅಮೆರಿಕನ್ ಪ್ರಯೋಗ" ಅಂದರು.

ಒಂದೇ ದಿನ, ಮಧ್ಯಾಹ್ನ 2ಕ್ಕೆ ಒಂದು, ಸಂಜೆ 6ಕ್ಕೆ ಒಂದು ಅಂತ ಇಟ್ಟಮೇಲೆ ಎಲ್ಲಾ ಸರಿಹೋಯಿತು. ಶಾಲೆಯ ಆಡಿಟೋರಿಯಂ, ದಿನದ ಬಾಡಿಗೆ 2,500 ಡಾಲರ್ ಆಸುಪಾಸು. ಎರಡನೇ ಶೋಗೆ ಜಾಸ್ತಿ ತಗುಲಿದ್ದು 700-800 ಮಾತ್ರ, ಹೆಚ್ಚಿನ ಗಂಟೆ ಮತ್ತು ಕ್ಲೀನಿಂಗ್‌ಗೆ. ಸೌಂಡ್‌ನವರು ಹೇಗೂ ಇಡೀ ದಿನಕ್ಕೇ ದುಡ್ಡು ಕೇಳುತ್ತಾರೆ. ಕ್ಯಾಮೆರಾ ಮೂರೂ ನಮ್ಮವರದ್ದೇ. ಇನ್ಶೂರೆನ್ಸ್, ಊಟ, ಕಾಸ್ಟ್ಯೂಮ್ ಎಲ್ಲಾ ಸೇರಿ 6,000ದ ಒಳಗೆ ಮುಗಿಯಿತು.

ಮಧ್ಯಾಹ್ನ 2 ಗಂಟೆಗೆ ಯಾರು ಬರ್ತಾರೆ ಅಂತ ಎಲ್ಲರೂ ಕೇಳಿದರು. ಇದಕ್ಕೆ ನನ್ನ ಉತ್ತರದ ಬಗ್ಗೆ ನನಗೆ ಹೆಮ್ಮೆ ಇದೆ. ಕಾರ್ಯಕ್ರಮವನ್ನು ಜೂನ್‌ಗೆ ತಂದೆ. ಬೇಸಿಗೆಯಲ್ಲಿ ಮನೆಮನೆಯಲ್ಲಿ ಊರಿನಿಂದ ಬಂದ ಅಪ್ಪ ಅಮ್ಮ, ಅತ್ತೆ ಮಾವ ಇರುತ್ತಾರೆ. ಮಕ್ಕಳು ಸೊಸೆ ಕೆಲಸಕ್ಕೆ ಹೋದರೆ ಇಡೀ ವಾರ ಕಿಟಕಿ ನೋಡಿಕೊಂಡು ಕೂತಿರುತ್ತಾರೆ, ಕಾರ್ ಓಡಿಸೋಕೆ ಆಗಲ್ಲ, ನಡೆದುಹೋಗೋಕೆ ಅಂಗಡಿಯೂ ಹತ್ತಿರ ಇಲ್ಲ. ಮಧ್ಯಾಹ್ನದ ಶೋ ಅವರಿಗೆ 5 ಡಾಲರ್, ಒಳಗೆ ಕಾಫಿ ಮತ್ತು ಚುರುಮುರಿ. ಹಾಲ್ ತುಂಬಿತು. ಅವರಷ್ಟು ಬಾಯಿ ಬಿಟ್ಟು ನಗುವವರನ್ನು ನಾನು ಇಲ್ಲಿ ನೋಡಿಲ್ಲ. ಸಂಜೆಯ ಶೋಗೆ 15 ಡಾಲರ್, ಅದಕ್ಕೆ ಬಂದವರು ಅವರ ಮಕ್ಕಳು. "ನಮ್ಮಮ್ಮ ಮಧ್ಯಾಹ್ನ ಬಂದವರು ಫೋನ್ ಮಾಡಿ ನೀವೂ ಹೋಗಿ ಅಂದರು" ಅಂತ ಬಾಗಿಲಲ್ಲಿ ಟಿಕೆಟ್ ತಗೊಂಡವರು ಬೇಕಾದಷ್ಟು ಜನ.

ಎಡಿಟ್ ಮಾಡುವವರಿಗೆ ಒಂದು ಮಾತು. ಎರಡು ಶೋ ಬೆರೆಸುವಾಗ ಕೈಕೊಡುವುದು ಕ್ಯಾಮೆರಾ ಅಲ್ಲ, ಮಲ್ಲಿಗೆ ಹೂವು. ಮಧ್ಯಾಹ್ನ ಬೆಳ್ಳಗೆ ಬಿರಿದಿದ್ದ ದಂಡೆ ಸಂಜೆಗೆ ಕಂದು ಬಣ್ಣಕ್ಕೆ ತಿರುಗಿ ಜೋತುಬಿದ್ದಿರುತ್ತೆ. ಹಿಂದಿನಿಂದ ತೆಗೆದ ಶಾಟ್‌ನಲ್ಲಿ ಇದು ಎದ್ದು ಕಾಣುತ್ತೆ. ಈ ಸಲ ಹೂ ಮುಡಿದಿದ್ದ ಇಬ್ಬರು ನಟಿಯರಿಗೂ ಎರಡೆರಡು ದಂಡೆ, ಒಂದನ್ನು ಒದ್ದೆ ಬಟ್ಟೆ ಸುತ್ತಿ ಐಸ್ ಬಾಕ್ಸಿನಲ್ಲಿ ಇಟ್ಟಿದ್ದೆವು. ಸೀರೆಯದ್ದು ಇನ್ನೊಂದು ಪಂಚಾಯಿತಿ. ಸಂಜೆ ಫೋಟೊ ತೆಗೀತಾರೆ, ಬೇರೆ ಸೀರೆ ಉಡ್ತೀವಿ ಅಂತ ಎಲ್ಲರ ಆಸೆ. ಫೋಟೊಗೆ ಅಂತಲೇ ಎರಡು ಶೋಗಳ ಮಧ್ಯೆ ಅರ್ಧ ಗಂಟೆ ಬಿಟ್ಟು, ಆಮೇಲೆ ಮತ್ತೆ ಅದೇ ಸೀರೆ ಉಡಿಸಿದೆವು. ಹಾಡುಗಳಿಗೆ ಕೀಬೋರ್ಡ್ ನುಡಿಸುವವರ ಕಿವಿಗೆ ಮೆಟ್ರೊನೋಮ್ (ತಾಳ ಹಾಕುವ ಯಂತ್ರ) ಹಾಕಿದೆವು, ಎರಡು ಸಲವೂ ಲಯ ಒಂದೇ ಇದ್ದರೆ ಎಲ್ಲಿ ಬೇಕಾದರೂ ಕಟ್ ಮಾಡಬಹುದು. ಎರಡು ಶೋಗಳ ನಗುವನ್ನು ಹೇಗೆ ಜೋಡಿಸಿದೆ ಅಂತ ತುಂಬಾ ಜನ ಕೇಳಿದ್ದಾರೆ. ಅದನ್ನು ಹೇಳುವುದಿಲ್ಲ, ತಿಂಗಳುಗಟ್ಟಲೆ ಕೂತು ಕಂಡುಕೊಂಡದ್ದು. ರೆಕಾರ್ಡ್ ಮಾಡಿದ ನಗು ತಂದು ಅಂಟಿಸಬೇಡಿ ಅಂತ ಮಾತ್ರ ಹೇಳುತ್ತೇನೆ. ಒಂದು ಸ್ಕೆಚ್‌ಗೆ ಹಾಕಿ ನೋಡಿದ್ದೆ. ಅದು ಇಂಗ್ಲಿಷ್‌ನವರ ನಗು. ನಮ್ಮ ಅಜ್ಜಿಯರು "ಅಯ್ಯಯ್ಯೋ" ಅಂತ ಶುರು ಮಾಡಿ ಆಮೇಲೆ ನಗುತ್ತಾರೆ, ಅದು ಯಾವ ಲೈಬ್ರರಿಯಲ್ಲೂ ಸಿಗಲ್ಲ.

ಅತಿಥಿಗಳ ವಿಷಯ. ಬರ್ನೆಟ್ ಶೋದಲ್ಲಿ ಅತಿಥಿಗಳು ಬಂದು ಬರೀ ಹಾಡಿ ಹೋಗುತ್ತಿರಲಿಲ್ಲ, ಸಾಮಾನ್ಯವಾಗಿ ಸ್ಕೆಚ್‌ನಲ್ಲೂ ಪಾತ್ರ ಮಾಡುತ್ತಿದ್ದರು. ರೀಟಾ ಹೇವರ್ತ್ ಅಂಥ ತಾರೆ ಬಂದು ಕ್ಯಾರಲ್ ಜೊತೆ ಕಸ ಗುಡಿಸುವವಳ ವೇಷ ಹಾಕಿದರು. ಕಾನ್ವೇ ಕೂಡ ವರ್ಷಗಟ್ಟಲೆ ಅತಿಥಿಯಾಗಿಯೇ ಬರುತ್ತಿದ್ದರು, ಕಾಯಂ ಆದದ್ದು 1975ರಲ್ಲಿ. ನಾನು ವಿಮಾನದ ಟಿಕೆಟ್ ಖರ್ಚು ನಿಲ್ಲಿಸಿ ಊರಿನವರನ್ನೇ ಹಿಡಿದೆ. ಅತಿಥಿ ಎಲ್ಲರಿಗೂ ಗೊತ್ತಿರುವವರಾಗಿರಬೇಕು, ಆದರೆ ಹಾಸ್ಯಕ್ಕೆ ಹೆಸರಾದವರಾಗಿರಬಾರದು. ಈ ವರ್ಷ ನಮ್ಮ ಅತಿಥಿ ಒಬ್ಬರು ಭರತನಾಟ್ಯದ ಟೀಚರ್. ಇಲ್ಲಿಯ ಮಕ್ಕಳೆಲ್ಲ ಅವರ ಹತ್ತಿರ ಬೈಸಿಕೊಂಡವರೇ. ಅವರಿಗೆ ಏರ್‌ಪೋರ್ಟ್ ಕೌಂಟರಿನ ಅಧಿಕಾರಿ ಪಾತ್ರ ಕೊಟ್ಟೆ, ಒಂದು ಸಲವೂ ನಗಬಾರದು ಅಂದೆ. ಖರ್ಚು ಒಂದು ಹೂಗುಚ್ಛ.

ಆ ಸ್ಕೆಚ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಬೆಂಗಳೂರಿನಿಂದ ಹೊರಟ ಅಮ್ಮನ ಸೂಟ್‌ಕೇಸ್ 23 ಕಿಲೊ ದಾಟಿದೆ. ಅಧಿಕಾರಿ ತೆಗೆಯಿರಿ ಅನ್ನುತ್ತಾರೆ. ಸ್ಕ್ರಿಪ್ಟ್ ಪ್ರಕಾರ ಅಮ್ಮ ಪರದೆಯ ಹಿಂದೆ ಹೋಗಿ, ಸಾಮಾನು ಕಮ್ಮಿ ಮಾಡಿಕೊಂಡು, ಒಂದು ಚೀಲ ಕೈಯಲ್ಲಿ ಹಿಡಿದು ಬರುತ್ತಾರೆ. ಮಧ್ಯಾಹ್ನ ಹಾಗೇ ಆಡಿದೆವು. ಚೆನ್ನಾಗಿಯೇ ಬಂತು. ಸಂಜೆ, ಅಮ್ಮನ ಪಾತ್ರ ಮಾಡಿದವರಿಗೂ ನನಗೂ ಬಿಟ್ಟು ಯಾರಿಗೂ ಗೊತ್ತಿಲ್ಲದೆ, ಆಕೆ ತೆಗೆದ ಸಾಮಾನೆಲ್ಲ ಮೈಮೇಲೆ ಹಾಕಿಕೊಂಡು ಬಂದರು. ನಾಲ್ಕು ಸೀರೆ ಒಂದರ ಮೇಲೊಂದು, ಸೊಂಟದ ಡಾಬಿನ ಜಾಗದಲ್ಲಿ ಸಂಡಿಗೆ ಪ್ಯಾಕೆಟ್ಟುಗಳ ಸಾಲು, ಬೆನ್ನ ಮೇಲೆ ಶಾವಿಗೆ ಒರಳು, ತಲೆಗೆ ಕಿರೀಟದ ಹಾಗೆ ಇಡ್ಲಿ ತಟ್ಟೆ. ಒಂದು ಮಾತೂ ಆಡದೆ ಗಂಭೀರವಾಗಿ ನಡೆದು ಬಂದು ತೂಕದ ಯಂತ್ರದ ಪಕ್ಕ ನಿಂತರು. ಟೀಚರ್ ಮುಖ ನೋಡಬೇಕಿತ್ತು. ತುಟಿ ಕಚ್ಚಿಕೊಂಡರು, ಪಾಸ್‌ಪೋರ್ಟ್ ನೋಡುವ ಹಾಗೆ ತಲೆ ಬಗ್ಗಿಸಿದರು, ಭುಜ ಅಲುಗಾಡುತ್ತಿತ್ತು. ಕೊನೆಗೆ ಕೌಂಟರ್ ಕೆಳಗೆ ಕೂತೇಬಿಟ್ಟರು. ಹಾಲ್‌ನಲ್ಲಿದ್ದ ಅವರ ಶಿಷ್ಯರು ಎದ್ದು ನಿಂತು ಚಪ್ಪಾಳೆ ಹೊಡೆದರು. ಅಷ್ಟು ಹೊತ್ತು ಮುಂದಿನ ಡೈಲಾಗ್ ಹೇಳೋಕೇ ಆಗಲಿಲ್ಲ.

ಈ ಐಡಿಯಾ ಎಲ್ಲಿಂದ ಬಂತು ಅಂತ ಬರ್ನೆಟ್ ಶೋ ನೋಡಿದವರಿಗೆ ಗೊತ್ತಾಗುತ್ತೆ. 1976ರ ನವೆಂಬರ್‌ನಲ್ಲಿ ಬಂದ ಅವರ ಸ್ಕೆಚ್‌ನಲ್ಲಿ ಕ್ಯಾರಲ್ ಕಿಟಕಿಯ ಪರದೆಯನ್ನು ಗೌನಾಗಿ ಹಾಕಿಕೊಂಡು ಮೆಟ್ಟಿಲಿಳಿದು ಬರುತ್ತಾರೆ. ಪರದೆಯ ಸರಳನ್ನೂ ತೆಗೆಯದೆ ಭುಜದ ಮೇಲೆ ಅಡ್ಡ ಬಿಟ್ಟದ್ದು ಕಾಸ್ಟ್ಯೂಮ್ ಮಾಡುತ್ತಿದ್ದ ಬಾಬ್ ಮ್ಯಾಕಿ. ಆ ಗೌನ್ ಈಗ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ. ಮಾತಿಗೆ ಮುಂಚೆ ಬಟ್ಟೆಯೇ ನಗಿಸಬೇಕು ಅನ್ನೋದನ್ನು ಅದರಿಂದ ಕಲಿತೆ. ನಮ್ಮ ಅಮ್ಮನ ಕಾಸ್ಟ್ಯೂಮ್‌ಗೆ ಖರ್ಚಾದದ್ದು 40 ಡಾಲರ್, ಅದರಲ್ಲಿ ಮುಕ್ಕಾಲು ಸಂಡಿಗೆಗೆ. ಇಡ್ಲಿ ತಟ್ಟೆ ತಲೆ ಮೇಲೆ ಬೀಳದೆ ಹೇಗೆ ನಿಂತಿತು ಅನ್ನೋದನ್ನೂ ಹೇಳಲ್ಲ, ಮುಂದಿನ ವರ್ಷ ಬೇಕಾಗುತ್ತೆ.

ಪ್ರಶ್ನೋತ್ತರವನ್ನೂ ಮಾಡಿದೆವು. ಕ್ಯಾರಲ್ ಹಾಲ್‌ನ ಲೈಟ್ ಹಾಕಿಸಿ ಪ್ರೇಕ್ಷಕರ ಜೊತೆ ಮಾತಾಡಿ ಶೋ ಶುರು ಮಾಡುತ್ತಿದ್ದರು, ಮೊದಲೇ ಹೇಳಿಕೊಟ್ಟ ಪ್ರಶ್ನೆ ಒಂದೂ ಇರುತ್ತಿರಲಿಲ್ಲ. ನಮ್ಮವರು ಯಾರೂ ಕೈ ಎತ್ತಲ್ಲ, ನಾಲ್ಕು ಜನಕ್ಕೆ ಹೇಳಿಕೊಟ್ಟು ಕೂರಿಸೋಣ ಅಂತ ಒಂದು ವರ್ಷ ಮಾಡಿದ್ದರು. ಶಾಲೆಯ ಕ್ವಿಜ್ ಥರ ಬಂತು. ಈ ಸಲ ನಾನು ಒಪ್ಪಲಿಲ್ಲ. ಮಧ್ಯಾಹ್ನ ಮೊದಲ ಒಂದು ನಿಮಿಷ ಯಾರೂ ಮಾತಾಡಲಿಲ್ಲ, ನಮ್ಮ ನಿರೂಪಕಿ ಸುಮ್ನೆ ನಗುತ್ತಾ ಕಾದರು. ಆಮೇಲೆ ಒಬ್ಬರು ಅಜ್ಜಿ ಎದ್ದು "ಏನಮ್ಮಾ, ನೀನು ಮನೇಲೂ ಇಷ್ಟೇ ಮಾತಾಡ್ತೀಯಾ?" ಅಂದರು. ಅಲ್ಲಿಂದ ನಿಲ್ಲಿಸೋದೇ ಕಷ್ಟವಾಯಿತು. ಇದರಿಂದ ಇನ್ನೊಂದು ಲಾಭ ಇದೆ, ಪರದೆಯ ಹಿಂದೆ ಸೆಟ್ ಬದಲಾಯಿಸೋಕೆ ಏಳೆಂಟು ನಿಮಿಷ ಸಿಗುತ್ತೆ. ಬರ್ನೆಟ್ ಶೋದವರಿಗೆ 28 ಜನರ ಆರ್ಕೆಸ್ಟ್ರಾ ಇತ್ತು. ನಮಗೆ ಕೀಬೋರ್ಡ್, ತಬಲಾ, ಕೊಳಲು, ರಿದಮ್ ಪ್ಯಾಡ್. ರೆಕಾರ್ಡ್ ಮಾಡಿದ ಸಂಗೀತದ ಟ್ರ್ಯಾಕ್ ಹಾಕಿ ನೋಡಿದ್ದೆವು, ನಗು ಎರಡು ಸೆಕೆಂಡ್ ಜಾಸ್ತಿಯಾದರೆ ಟ್ರ್ಯಾಕ್ ಕಾಯಲ್ಲ. ತಬಲಾದವರು ಕಾಯುತ್ತಾರೆ.

ಅನುಮಾನ ಪಟ್ಟವರ ಮೇಲೆ ನನಗೆ ಕೋಪ ಇಲ್ಲ. ಬರ್ನೆಟ್ ತಮ್ಮ ಕಾಂಟ್ರಾಕ್ಟ್ ತೋರಿಸಿ 30 ವೆರೈಟಿ ಶೋ (ಹಾಡು, ನೃತ್ಯ, ಸ್ಕೆಚ್ ಎಲ್ಲಾ ಸೇರಿದ್ದು) ಕೊಡಿ ಅಂದಾಗ, ಇದು ಗಂಡಸರು ಮಾಡುವ ಕಾರ್ಯಕ್ರಮ, ನೀವು ಸಿಟ್‌ಕಾಮ್ (ಹಾಸ್ಯ ಧಾರಾವಾಹಿ) ಮಾಡಿ ಅಂತ ಚಾನೆಲ್‌ನವರು ಹೇಳಿದ್ದರಂತೆ. ಆ ಶೋಗೆ ಕೊನೆಗೆ 25 ಎಮ್ಮಿ ಪ್ರಶಸ್ತಿ ಬಂತು. ನಮಗೆ ಬಂದದ್ದು, ಎಲ್ಲಾ ಖರ್ಚು ಕಳೆದು, 1,100 ಡಾಲರ್ ಹತ್ತಿರ. ಅದರಲ್ಲಿ ಅರ್ಧ ಕನ್ನಡ ಕಲಿ ತರಗತಿಗೆ ಕೊಟ್ಟೆವು, ಉಳಿದದ್ದರಲ್ಲಿ ಒಳ್ಳೆಯ ಕಾಲರ್ ಮೈಕ್ ತಗೊಳ್ಳುತ್ತಿದ್ದೇವೆ, ಏಕೆಂದರೆ ನಾಲ್ಕು ಸೀರೆಯ ಕೆಳಗೆ ಹಳೇ ಮೈಕ್ ಬರೀ ಸರಸರ ಅಂದಿತು. ಸ್ಕ್ರಿಪ್ಟ್ ಬೇಕಾದ ಕೂಟದವರಿಗೆ ಕೊಡುತ್ತೇನೆ. ಜೂನ್‌ಗೆ ಹಾಲ್ ಬೇಕಾದರೆ ಜನವರಿಯಲ್ಲೇ ಬುಕ್ ಮಾಡಿ, ಆಮೇಲೆ ಎಲ್ಲಾ ಶಾಲೆಗಳೂ ಗ್ರಾಜುಯೇಷನ್‌ಗೆ ಹೋಗಿಬಿಡುತ್ತವೆ.