ಕ್ರೂಸರ್ ಗಾಡಿಯೊಳಗೆ ಬಿಚ್ಚಿಡುವ ಮನೆ: ನನ್ನ ಅನುಭವ

ನಮ್ಮ ಕಲಬುರಗಿ ಸೀಮೆಯಲ್ಲಿ ಕ್ರೂಸರ್ ಗಾಡಿಯನ್ನು ಯಾರಿಗೂ ಪರಿಚಯಿಸಬೇಕಾಗಿಲ್ಲ. ಮದುವೆಯ ದಿಬ್ಬಣವಿರಲಿ, ಗಾಣಗಾಪುರದ ಹುಣ್ಣಿಮೆಯಿರಲಿ, ಹೆಣ್ಣು ನೋಡುವ ಶಾಸ್ತ್ರವಿರಲಿ, ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೊರಡುವ ಗಾಡಿ ಅದೇ. ನಾನು ಹಳೆಯ ಕ್ರೂಸರ್ ಒಂದನ್ನು ಕೊಂಡಾಗ ಅಣ್ಣತಮ್ಮಂದಿರ ಮನೆಯವರೆಲ್ಲರ ಕಣ್ಣೂ ಅದರ ಮೇಲಿತ್ತು. ವರ್ಷಕ್ಕೆ ನಾಲ್ಕಾರು ಮದುವೆಗಳಿಗೆ ಗಾಡಿ ಬಿಡಲೇಬೇಕು ಎಂಬುದು ಹೇಳದೆಯೇ ಆದ ಒಪ್ಪಂದವಾಗಿತ್ತು. ನನಗೋ, ರಜೆಯಲ್ಲಿ ಅವ್ವ, ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕರೆದುಕೊಂಡು ಲಾಡ್ಜ್ ಹುಡುಕುವ ಗೋಜಿಲ್ಲದೆ, ಗಾಡಿಯನ್ನೇ ಮನೆ ಮಾಡಿಕೊಂಡು ತಿರುಗಬೇಕೆಂಬ ಆಸೆ. ಆದ್ದರಿಂದ ಮೊದಲ ದಿನವೇ ಒಂದು ಕಟ್ಟು ಹಾಕಿಕೊಂಡೆ: ಒಳಗೆ ಇಡುವ ಯಾವುದೇ ವಸ್ತುವನ್ನು ಇಬ್ಬರು ಸೇರಿ ಅರ್ಧ ಗಂಟೆಯೊಳಗೆ ಕೆಳಗಿಳಿಸಲು ಬರಬೇಕು, ಗಾಡಿಯ ಮೈಗೆ ಹೊಸದೊಂದು ತೂತು ಬೀಳಬಾರದು.

ಈ ಕಟ್ಟಿಗೆ ಕಾನೂನಿನ ಕಾರಣವೂ ಇತ್ತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಮಾಲೀಕ ತನ್ನಿಷ್ಟದಂತೆ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಬಿಗಿಯಾಗಿ ಹೇಳಿದೆ. ಸೀಟು ಕಿತ್ತು, ಮೇಲ್ಛಾವಣಿ ಕೊರೆದು, ಸಿಂಕು ಮತ್ತು ಒಲೆ ಕೂರಿಸುವ ವಿಡಿಯೊಗಳನ್ನು ನಾನೂ ಬೇಕಾದಷ್ಟು ನೋಡಿದ್ದೇನೆ. ಆದರೆ ನಾಳೆ ಗಾಡಿಯ ತಪಾಸಣೆಯಾದಾಗ ಅಥವಾ ವಿಮೆಯ ಹಣ ಕೇಳಬೇಕಾಗಿ ಬಂದಾಗ ಉತ್ತರಿಸಬೇಕಾದವರು ವಿಡಿಯೊ ಮಾಡಿದವರಲ್ಲ. ಸೀಟುಗಳು ಇದ್ದಲ್ಲೇ ಇದ್ದು, ನಾವು ಸೇರಿಸಿದ್ದು ಬರೀ ಸಾಮಾನಿನಂತೆ ಇದ್ದರೆ ಆ ತಲೆನೋವೇ ಇರುವುದಿಲ್ಲ. ನನ್ನ ಗಾಡಿ ಮೊದಲು ಹಳದಿ ಬೋರ್ಡಿನದಾಗಿತ್ತು. ಪರ್ಮಿಟ್ ಒಪ್ಪಿಸಿ, ಸಾಲ ತೀರಿದ್ದಕ್ಕೆ ಹಿಂದಿನ ಮಾಲೀಕರ ಫೈನಾನ್ಸಿನವರಿಂದ ನಮೂನೆ 35 ಪಡೆದು, ತೆರಿಗೆಯ ವ್ಯತ್ಯಾಸ ಕಟ್ಟಿ ಬಿಳಿ ಬೋರ್ಡಿಗೆ ತರುವುದರಲ್ಲಿ ಎರಡೂವರೆ ತಿಂಗಳು ಹೋಯಿತು. ಸಾಧ್ಯವಿದ್ದರೆ ಮೊದಲೇ ಬಿಳಿ ಬೋರ್ಡಿನದನ್ನು ಹುಡುಕುವುದು ಮೇಲು.

ಕ್ರೂಸರ್‌ನ ಹಿಂಭಾಗದಲ್ಲಿ ಎದುರುಬದುರಾಗಿ ಎರಡು ಉದ್ದ ಸೀಟುಗಳಿರುತ್ತವೆ. ನನ್ನ ಗಾಡಿಯಲ್ಲಿ ಅವುಗಳ ಉದ್ದ ಐದಡಿ ಮೂರಿಂಚು, ನಡುವಿನ ಓಡಾಟದ ಜಾಗ ಎರಡಡಿ. ಆ ನಡುವಿನ ಹಳ್ಳವನ್ನು ತುಂಬಿದರೆ ನಾಲ್ಕೂವರೆ ಅಡಿ ಅಗಲದ ಹಾಸಿಗೆ ತಾನಾಗಿಯೇ ಆಗುತ್ತದೆ. ಮೊದಲು ನಾನು ಸೀಟಿನಿಂದ ಸೀಟಿಗೆ ಒಂದು ಹಲಗೆ ಹಾಸಿ ನೋಡಿದೆ. ಕುಶನ್ ಮೆತ್ತಗಿದ್ದುದರಿಂದ ಹಲಗೆ ದೋಣಿಯಂತೆ ಓಲಾಡಿತು, ಅಂಚು ಬೆನ್ನಿಗೆ ಒತ್ತಿತು. ಆಮೇಲೆ ಹಲಗೆಯನ್ನು ಬಿಟ್ಟು ಪೆಟ್ಟಿಗೆಗೆ ಬಂದೆ. ನಡುವಿನ ಜಾಗಕ್ಕೆ ಸರಿಯಾಗಿ ಕೂರುವ, ಸೀಟಿನ ಮಟ್ಟಕ್ಕೆ ಮುಚ್ಚಳ ಬರುವ ಎರಡು ಪೆಟ್ಟಿಗೆಗಳು: ಹಿಂಬಾಗಿಲ ಹತ್ತಿರದ್ದು ಅಡುಗೆಯದು, ಒಳಗಿನದು ಬ್ಯಾಟರಿ ಮತ್ತು ಹಾಸಿಗೆ ಬಟ್ಟೆಯದು. ಪ್ಲೈವುಡ್ ಹನ್ನೆರಡು ಮಿಲಿಮೀಟರಿನದು, ನೀರು ತಡೆಯುವ ಮರೈನ್ ಪ್ಲೈಗೆ ಕೊಡುವ ಐಎಸ್ 710 ಗುರುತಿನದು. ನೀರು ಚೆಲ್ಲುವ ಜಾಗದಲ್ಲಿ ಅದಕ್ಕಿಂತ ಅಗ್ಗದ್ದನ್ನು ಹಾಕಿ ಉಳಿಸುವುದೇನೂ ಇಲ್ಲ.

ಪೆಟ್ಟಿಗೆ ಮಾಡಿಕೊಟ್ಟ ಬಡಿಗರ ತಂದೆ ಎತ್ತಿನ ಬಂಡಿ ಮಾಡುತ್ತಿದ್ದವರು. ನಾನು ಮೊಳೆ ಮತ್ತು ಫೆವಿಕಾಲ್ ಸಾಕೆಂದಾಗ ಅವರು ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟು, "ಸರ, ಮನಿ ಕಟ್ಟೂದು ಬ್ಯಾರೆ, ಬಂಡಿ ಕಟ್ಟೂದು ಬ್ಯಾರೆ. ಮೊಳಿ ಹೊಡದ್ರ ದಾರ್ಯಾಗ ಒಂದೊಂದೇ ಮ್ಯಾಲ ಏಳ್ತಾವ್ರಿ" ಎಂದರು. ಅವರ ಮಾತಿನಂತೆ ಮೂಲೆಗಳಿಗೆಲ್ಲ ಅಲ್ಯೂಮಿನಿಯಂ ಆ್ಯಂಗಲ್ ಕೊಟ್ಟು, ಅಲುಗಾಟಕ್ಕೆ ಸಡಿಲಗೊಳ್ಳದ ನೈಲಾನ್ ನಟ್ಟುಗಳಿಂದ ಬಿಗಿದೆವು. ಆದರೂ ಮೊದಲ ಬಾರಿ ಜೇವರ್ಗಿ ದಾರಿಯಲ್ಲಿ ಓಡಿಸಿದಾಗ ಒಳಗಿನಿಂದ ಟಕಟಕ ಎಂಬ ಸದ್ದು ಬಿಡಲಿಲ್ಲ. ಮಗ ಹಿಂದೆ ಕೂತು ಒಂದೊಂದೇ ಮೂಲೆಯನ್ನು ಅಂಗೈಯಿಂದ ಒತ್ತಿ ಹಿಡಿಯುತ್ತ ಹೋದ. ಮುಚ್ಚಳದ ಎಡ ಅಂಚನ್ನು ಒತ್ತಿದಾಗ ಸದ್ದು ನಿಂತಿತು. ಹಳೆಯ ಟ್ರ್ಯಾಕ್ಟರ್ ಟ್ಯೂಬನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ಮುಚ್ಚಳ ಕೂರುವ ಸುತ್ತಲೂ ಅಂಟಿಸಿದ ಮೇಲೆ ಆ ಸದ್ದು ಮತ್ತೆ ಕೇಳಿಲ್ಲ. ಪೆಟ್ಟಿಗೆಗಳನ್ನು ಸೀಟಿನ ಕಬ್ಬಿಣದ ಕಾಲುಗಳಿಗೆ ಲಾರಿಯವರು ಬಳಸುವ ರ್‍ಯಾಚೆಟ್ ಬೆಲ್ಟಿನಿಂದ ಬಿಗಿದೇ ಹೊರಡಬೇಕು. ಜೋರಾಗಿ ಬ್ರೇಕ್ ಹಾಕಿದಾಗ ನಲವತ್ತು ಕಿಲೋ ಪೆಟ್ಟಿಗೆ ಎಲ್ಲಿಗೆ ಬರುತ್ತದೆ, ಮಧ್ಯದ ಸೀಟಿನಲ್ಲಿ ಯಾರು ಕೂತಿರುತ್ತಾರೆ ಎಂದು ಒಮ್ಮೆ ಯೋಚಿಸಿದರೆ ಬೆಲ್ಟು ಮರೆಯುವುದಿಲ್ಲ.

ಐದಡಿ ಎಂಟಿಂಚು ಎತ್ತರದ ನಾನು ಆ ಹಾಸಿಗೆಯಲ್ಲಿ ಕಾಲು ಚಾಚಲಾರೆ. ಅದನ್ನು ಸರಿಪಡಿಸಲು ಹೋದರೆ ಮಧ್ಯದ ಸೀಟು ಕೀಳಬೇಕಾಗುತ್ತಿತ್ತು. ಹಾಗಾಗಿ ಅವ್ವ, ಹೆಂಡತಿ, ಮಗಳು ಒಳಗೆ. ನಾನು ಮತ್ತು ಮಗ ಹೊರಗೆ, ಸೊಳ್ಳೆಪರದೆಯೊಳಗೆ, ಮಡಚುವ ಮಂಚದ ಮೇಲೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗಿ ಬೆಳೆದವನಿಗೆ ಇದೇನೂ ಕಷ್ಟವೆನಿಸಲಿಲ್ಲ.

ಇನ್ನು ಬಿಸಿಲಿನ ಮಾತು. ಚಳಿದೇಶದವರ ವಿಡಿಯೊಗಳಲ್ಲಿ ಗಾಡಿಯ ಗೋಡೆಗೆಲ್ಲ ದಪ್ಪನೆಯ ಫೋಮ್ ತುಂಬುವುದನ್ನು ನೋಡಿ ನಾನೂ ನೈಟ್ರೈಲ್ ಫೋಮ್ ಹಾಳೆಗಳನ್ನು ತಂದೆ, ಕಿಟಕಿಗೆ ಒಳಗಿನಿಂದ ಹೊಳೆಯುವ ಹಾಳೆ ಅಂಟಿಸಿದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಒಳಗೆ ಕೈಯಿಟ್ಟು ನೋಡಿದರೆ ಹೊಳೆಯುವ ಹಾಳೆಯೇ ಸುಡುತ್ತಿತ್ತು. ಗಾಜು ದಾಟಿ ಒಳಬಂದ ಬಿಸಿಲನ್ನು ಒಳಗಿನಿಂದ ತಡೆಯುವುದು ನುಗ್ಗಿದ ದನವನ್ನು ಹೊಲದ ನಡುವೆ ಅಡ್ಡಗಟ್ಟಿದಂತೆ; ತಡೆಯಬೇಕಾದದ್ದು ಬದುವಿನ ಆಚೆಗೆ. ಇನ್ನೂ ಒಂದು ಸಂಗತಿಯಿದೆ: ಎಸಿ ಇಲ್ಲದ ಗಾಡಿಯಲ್ಲಿ ಫೋಮ್ ಶಾಖವನ್ನು ತಡವಾಗಿ ಒಳಬಿಡುತ್ತದೆ ನಿಜ, ಆದರೆ ಸಂಜೆಯ ಹೊತ್ತಿಗೆ ಒಳಗೆ ಕೂಡಿದ ಶಾಖವನ್ನು ಹೊರಹೋಗಲು ಬಿಡುವುದೂ ತಡವೇ. ಇಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ಮಲಗುವ ಯೋಚನೆಯನ್ನು ಯಾರೂ ಮಾಡಬಾರದು. ನಿಂತ ಗಾಡಿಯ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ. ಚಳಿಗಾಲದಲ್ಲಿ ಬೀದರ್ ಕಡೆ ಹೋದಾಗ ಒಳಗೆ ಇದ್ದಿಲ ಕೆಂಡ ಇಟ್ಟುಕೊಳ್ಳುವುದೂ ಅಷ್ಟೇ ಅಪಾಯ.

ಪರಿಹಾರ ಕಂಡದ್ದು ನಮ್ಮ ಹಳೆಯ ಮನೆಯಲ್ಲಿ. ಮಣ್ಣಿನ ಮಾಳಿಗೆ ಮನೆಗಳಲ್ಲಿ ಮೇಲೊಂದು ಬೆಳಕಿಂಡಿ ಇರುತ್ತದೆ, ಕೆಳಗೆ ಶಹಾಬಾದ್ ಕಲ್ಲಿನ ನೆಲವಿರುತ್ತದೆ. ಬಿಸಿಗಾಳಿ ಮೇಲಿನಿಂದ ಹೋಗುತ್ತದೆ, ಮನುಷ್ಯ ಕೆಳಗೆ ತಂಪಾಗಿ ಒರಗುತ್ತಾನೆ. ಗಾಡಿಯ ಮೇಲೆ ಮೊದಲೇ ಕ್ಯಾರಿಯರ್ ಇತ್ತು. ಅದರ ಸರಳುಗಳ ಮೇಲೆ ಬಿಳಿ ತಾಡಪತ್ರಿಯನ್ನು ಬಿಗಿಯಾಗಿ ಎಳೆದು ಕಟ್ಟಿದೆ. ತಾಡಪತ್ರಿಗೂ ತಗಡಿಗೂ ನಡುವೆ ಆರು ಬೆರಳಷ್ಟು ಗಾಳಿಯಾಡುವ ಸಂದು ಉಳಿಯಿತು. ಅದೇ ತಾಡಪತ್ರಿಯ ಉಳಿದ ಭಾಗ ಪಡುವಣ ಬದಿಗೆ ಇಳಿಬಿದ್ದು, ಎರಡು ಬಿದಿರಿನ ಗಳಕ್ಕೆ ಕಟ್ಟಿದರೆ ಪಡಸಾಲೆಯಾಗುತ್ತದೆ. ಕಿಟಕಿಗಳನ್ನು ನಾಲ್ಕು ಬೆರಳು ತೆರೆದಿಟ್ಟು, ಮನೆಯ ಅಂಗಳದಲ್ಲಿ ಒಂದೇ ಜಾಗದಲ್ಲಿ ಎರಡು ದಿನ ನಿಲ್ಲಿಸಿ ಥರ್ಮಾಮೀಟರ್ ಇಟ್ಟು ನೋಡಿದೆ: ಎರಡೂ ದಿನ ಹೊರಗೆ ಹತ್ತಿರ ಹತ್ತಿರ 41 ಡಿಗ್ರಿ, ಒಳಗೆ ಮಾತ್ರ ತಾಡಪತ್ರಿ ಇಲ್ಲದ ದಿನ 51, ಇದ್ದ ದಿನ 45. ಹೊತ್ತು ಮುಳುಗಿದ ಮೇಲೆ ಒಂದು ಕಿಟಕಿಯ ಮೇಲ್ಭಾಗದಲ್ಲಿ ಗಾಳಿಯನ್ನು ಹೊರಗೆ ದೂಡುವ ಫ್ಯಾನ್, ಎದುರು ಬದಿಯ ಕಿಟಕಿಯಿಂದ ಒಳಬರುವ ಗಾಳಿ, ಇಷ್ಟರಿಂದ ಒಂದು ತಾಸಿನಲ್ಲಿ ಒಳಗೆ ಮಲಗುವಂತಾಗುತ್ತದೆ. ಕಿಟಕಿಗಳಿಗೆ ಸೊಳ್ಳೆಜಾಲರಿಯನ್ನು ಹೊಲಿಸಿ ಅಂಚಿಗೆ ಅಯಸ್ಕಾಂತದ ಪಟ್ಟಿ ಕೊಡಿಸಿದ್ದೇನೆ. ಗಾಡಿಯ ಮೈ ಕಬ್ಬಿಣದ್ದಾದ್ದರಿಂದ ಹಾಗೇ ಕಚ್ಚಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಮಾತ್ರ ನಾವು ಹೊರಡುವುದೇ ಇಲ್ಲ. ಯಾವ ತಾಡಪತ್ರಿಯೂ ಮೇ ತಿಂಗಳಿಗೆ ಉತ್ತರವಲ್ಲ.

ವಿದ್ಯುತ್ತಿನ ವಿಷಯದಲ್ಲಿ ನಾನು ಮಾಡಿದ ತಪ್ಪು ಎಲ್ಲರೂ ಮಾಡುವಂಥದೇ. ಫ್ಯಾನಿಗೆ ತಂತಿಯನ್ನು ನೇರವಾಗಿ ಗಾಡಿಯ ಬ್ಯಾಟರಿಯಿಂದಲೇ ಎಳೆದಿದ್ದೆ. ಚಿಂಚೋಳಿಯ ಚಂದ್ರಂಪಳ್ಳಿ ಕೆರೆ ನೋಡಲು ಹೋದಾಗ ಸಮೀಪದ ಹಳ್ಳಿಯ ಗುಡಿಯ ಅಂಗಳದಲ್ಲಿ ರಾತ್ರಿ ಕಳೆದೆವು. ಬೆಳಿಗ್ಗೆ ಚಾವಿ ತಿರುಗಿಸಿದರೆ ಟಿಕ್ ಎಂದದ್ದಷ್ಟೇ. ಊರಿನ ಆರು ಹುಡುಗರು ನೂಕಿದ ಮೇಲೆ ಇಂಜಿನ್ ಎದ್ದಿತು. ಸ್ಟಾರ್ಟ್ ಮಾಡುವ ಬ್ಯಾಟರಿ ಕೆಲವೇ ಕ್ಷಣ ಭಾರೀ ಕರೆಂಟು ಕೊಡಲು ಮಾಡಿದ್ದು. ರಾತ್ರಿಯಿಡೀ ಹೀರಿ ಬರಿದು ಮಾಡಿದರೆ ಅದರ ಆಯುಷ್ಯವೇ ಮುಗಿಯುತ್ತದೆ. ಮನೆಯ ಇನ್ವರ್ಟರ್ ಬ್ಯಾಟರಿಯನ್ನು ಇಡಬಹುದಿತ್ತಾದರೂ ಅದರ ಭಾರ, ಆಮ್ಲ ಮತ್ತು ಚಾರ್ಜ್ ಆಗುವಾಗ ಹೊರಡುವ ಹೈಡ್ರೋಜನ್ ಮಲಗುವ ಜಾಗಕ್ಕೆ ಹೊಂದುವುದಲ್ಲ. ಕೊನೆಗೆ 12.8 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಂದೆ.

ಲೆಕ್ಕ ಸರಳ. 12.8ನ್ನು 100ರಿಂದ ಗುಣಿಸಿದರೆ ಆ ಬ್ಯಾಟರಿಯಲ್ಲಿ 1280 ವ್ಯಾಟ್-ಅವರ್ ಇರುತ್ತದೆ. ಇಪ್ಪತ್ತು ವ್ಯಾಟಿನ ಎರಡು ಫ್ಯಾನ್ ಎಂಟು ತಾಸು ತಿರುಗಿದರೆ 320, ದೀಪ ಮತ್ತು ಮೊಬೈಲುಗಳಿಗೆ ಇನ್ನೊಂದು ಎಂಬತ್ತು; ಅಂದರೆ ರಾತ್ರಿಯೊಂದಕ್ಕೆ ನಾನೂರು. ಐದರಲ್ಲೊಂದು ಪಾಲು ಉಳಿಸಿಕೊಂಡರೂ ಎರಡು ರಾತ್ರಿ ನಿಶ್ಚಿಂತೆ. ಗಾಡಿ ಓಡುವಾಗ, ಇಂಜಿನ್ ತಿರುಗಿಸಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನಿಂದ, ಆ ಕರೆಂಟನ್ನು ಈ ಬ್ಯಾಟರಿಗೆ ಹೊಂದಿಸಿ ಕೊಡುವ 20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಮೂಲಕ ತುಂಬುತ್ತದೆ. ಹುಮನಾಬಾದ್ ಮೇಲೆ ಬೀದರ್ ಸೇರುವ ಎರಡೂವರೆ ತಾಸಿನಲ್ಲಿ ಅರ್ಧ ಬ್ಯಾಟರಿ ತುಂಬಿರುತ್ತದೆ. ತಂತಿಯನ್ನು ಇಂಜಿನ್ನಿನಿಂದ ಒಳಪೆಟ್ಟಿಗೆಯವರೆಗೆ ಐದು ಮೀಟರ್ ಎಳೆಯಬೇಕು. ಮೊದಲ ಎಲೆಕ್ಟ್ರಿಷಿಯನ್ ಹಾಕಿದ 4 ಚದರ ಮಿಲಿಮೀಟರಿನ ತಂತಿಯಲ್ಲಿ ಹೋಗಿಬರುವ ದಾರಿಯಲ್ಲೇ ಸುಮಾರು 0.9 ವೋಲ್ಟ್ ಸೋರಿಹೋಗುತ್ತಿತ್ತು. 16ರ ತಂತಿಗೆ ಬದಲಿಸಿದ ಮೇಲೆ ಅದು 0.2ರ ಆಸುಪಾಸಿಗೆ ಇಳಿಯಿತು. ತಂತಿಯ ಎರಡೂ ತುದಿಗೆ ಬ್ಯಾಟರಿಯೇ ಇರುವುದರಿಂದ ಎರಡೂ ಕಡೆ ಫ್ಯೂಸ್ ಬೇಕು. ಇಂಥ ಬ್ಯಾಟರಿಗಳನ್ನು ಸಾಮಾನ್ಯವಾಗಿ 45 ಡಿಗ್ರಿ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದಾದ್ದರಿಂದ ನಮ್ಮ ಕಡೆಯವರು ಅದನ್ನು ಕಿಟಕಿಯ ಬಿಸಿಲಿಗೆ ಬೀಳದಂತೆ ಕೆಳಗೆ ಇಡುವುದು ಅಗತ್ಯ. ಸೋಲಾರ್ ಪ್ಯಾನೆಲ್ ಯಾಕಿಲ್ಲ ಎಂದು ಕೇಳದವರಿಲ್ಲ. ನಾನು ಗಾಡಿ ನಿಲ್ಲಿಸಲು ಬೇವಿನ ಗಿಡದ ನೆರಳು ಹುಡುಕುವವನು, ಪ್ಯಾನೆಲ್ ಬಿಸಿಲು ಹುಡುಕುತ್ತದೆ, ನಮ್ಮಿಬ್ಬರಿಗೂ ಕೂಡಿಬರುವುದಿಲ್ಲ.

ಫ್ರಿಜ್ ಬೇಕೆಂದು ನಾನು ಹಟ ಹಿಡಿದಿದ್ದೆ. ಬೇಡವೆಂದು ತೀರ್ಮಾನಿಸಿದವಳು ಹೆಂಡತಿ. ಒಂದು ಡಬ್ಬಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರಿಗೆ ದಾರಿಯ ಊರು, ಕುಕ್ಕರಿಗೆ ನಮ್ಮದೇ ತೊಗರಿಬೇಳೆ ಇದ್ದರೆ ಮೂರು ದಿನಕ್ಕೆ ಫ್ರಿಜ್ ಏನು ಮಾಡಬೇಕು ಎಂಬ ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಒಲೆ ಹಚ್ಚುವುದು ಯಾವಾಗಲೂ ಗಾಡಿಯ ಹೊರಗೆ, ಪೆಟ್ಟಿಗೆಯನ್ನು ಹಿಂಬಾಗಿಲಿನಿಂದ ಇಳಿಸಿಯೇ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಮೇಲೇರಿ ಕಿಟಕಿಯಿಂದ ಹೋಗದೆ ನೆಲದ ಮೇಲೆಯೇ ಮಡುಗಟ್ಟುತ್ತದೆ. ರಾತ್ರಿ ಐದು ಕಿಲೋ ಸಿಲಿಂಡರನ್ನೂ ಹೊರಗಿಡುತ್ತೇವೆ. ನೀರಿಗೆ ಇಪ್ಪತ್ತು ಲೀಟರಿನ ಎರಡು ಕ್ಯಾನ್.

ಎಲ್ಲಿ ನಿಲ್ಲಿಸಬೇಕೆಂಬುದು ಗಾಡಿ ಕಟ್ಟುವುದಕ್ಕಿಂತ ಕಷ್ಟದ ಪ್ರಶ್ನೆ. ಕೋಟೆಗಳ ಆವರಣದಲ್ಲಿ ರಾತ್ರಿ ಉಳಿಯಲು ಬರುವುದಿಲ್ಲ, ಚಿಂಚೋಳಿಯ ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಉಳಿಯುವಂತಿಲ್ಲ. ಹಗಲು ಬೀದರ್ ಕೋಟೆ, ಮಳಖೇಡ, ಬಸವಕಲ್ಯಾಣ ನೋಡಿ, ಹೊತ್ತು ಮುಳುಗುವ ಮುಂಚೆ ಯಾವುದಾದರೂ ಊರಿನ ಗುಡಿ ಅಥವಾ ಮಠದ ಅಂಗಳದಲ್ಲಿ ಹಿರಿಯರನ್ನು ಕೇಳಿ ನಿಲ್ಲಿಸುವುದು ನಮ್ಮ ಪದ್ಧತಿ. ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯೇ ಎಂದು ಕೇಳಿಯೇ ಇಂಜಿನ್ ಆರಿಸುತ್ತೇನೆ. ಅವ್ವನಿಗಾಗಿ ಮಡಚುವ ಕಮೋಡ್ ಕುರ್ಚಿಯೂ ಸುತ್ತ ಕಟ್ಟುವ ಪರದೆಯೂ ಕ್ಯಾರಿಯರ್ ಮೇಲಿರುತ್ತವೆ. ಸನ್ನತಿಗೆ ಹೋದಾಗ ಭೀಮಾ ನದಿ ಕಾಣುವಂತೆ ನಿಲ್ಲಿಸುವ ಆಸೆಗೆ ರಸ್ತೆ ಬಿಟ್ಟು ಎರಿ ಹೊಲದ, ಅಂದರೆ ಕರಿಮಣ್ಣಿನ ಹೊಲದ, ಅಂಚಿಗೆ ಇಳಿಸಿದ್ದೆ. ರಾತ್ರಿ ಅರ್ಧ ತಾಸು ಮಳೆ ಬಂತು. ಬೆಳಿಗ್ಗೆ ಹಿಂಗಾಲಿಗಳಿಗೆ ಮಣ್ಣು ಮೆತ್ತಿಕೊಂಡು ಟೈರಿನ ಗೀರುಗಳೇ ಕಾಣದೆ ರೊಟ್ಟಿ ಹಿಟ್ಟಿನ ಉಂಡೆಗಳಂತಾಗಿದ್ದವು. ಟ್ರ್ಯಾಕ್ಟರ್ ಬಂದು ಎಳೆಯುವವರೆಗೆ ಮಧ್ಯಾಹ್ನವಾಯಿತು. ಕರಿಮಣ್ಣಿನ ಸೀಮೆಯಲ್ಲಿ ಮೋಡ ಕಂಡರೆ ಗಾಡಿಯ ಕಾಲು ಗಟ್ಟಿ ಗರಸುಮಣ್ಣಿನ ಮೇಲೆಯೇ ಇರಬೇಕೆಂದು ಹುಟ್ಟಿದಾಗಿನಿಂದ ಗೊತ್ತಿದ್ದೂ ಮಾಡಿದ ತಪ್ಪಿದು.

ಗಾಡಿಯ ಬೆಲೆ ಬಿಟ್ಟು ನನಗೆ ಬಿದ್ದ ಖರ್ಚು ಎಂಬತ್ತಾರು ಸಾವಿರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬ್ಯಾಟರಿ, ಚಾರ್ಜರ್ ಮತ್ತು ತಂತಿಗೇ ಹೋಯಿತು. ದಂಡವಾದದ್ದು ಫೋಮ್ ಹಾಳೆಗಳು. ಅವುಗಳನ್ನು ಹೊರಗೆ ಮಲಗುವ ನಮ್ಮಿಬ್ಬರ ಮಂಚದ ಮೇಲೆ ಹಾಸಲು ಬಳಸುತ್ತಿದ್ದೇವೆ. ಹೋದ ತಿಂಗಳು ತಮ್ಮನ ಮೈದುನನ ಮದುವೆಗೆ ಗಾಡಿ ಬೇಕೆಂದು ಹಿಂದಿನ ರಾತ್ರಿ ಫೋನ್ ಬಂತು. ನಾನು ಮತ್ತು ಮಗ ಬೆಲ್ಟು ಬಿಚ್ಚಿ ಎರಡು ಪೆಟ್ಟಿಗೆ ಇಳಿಸಲು ಹಿಡಿದದ್ದು ಇಪ್ಪತ್ತೆರಡು ನಿಮಿಷ. ಅಡುಗೆಯ ಪೆಟ್ಟಿಗೆ ಪಡಸಾಲೆಯ ಮೂಲೆ ಸೇರಿತು. ಬ್ಯಾಟರಿಯ ಪೆಟ್ಟಿಗೆಯನ್ನು ಅವ್ವ ತನ್ನ ಮಂಚದ ಪಕ್ಕಕ್ಕೆ ಎಳೆಸಿಕೊಂಡಳು. ಕರೆಂಟು ಹೋದಾಗ ಆ ಸಣ್ಣ ಫ್ಯಾನು ಈಗ ಅವಳ ತಲೆದೆಸೆಯಲ್ಲಿ ತಿರುಗುತ್ತದೆ, ಮುಂದಿನ ಪ್ರವಾಸಕ್ಕೆ ಅದನ್ನು ವಾಪಸು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.